ಜಗಲಿ ಕಲ್ಲನ್ನು ಹದಿನೈದು ದಿನದೊಳಗೆ ಹಿಂದಿರುಗಿಸುವ ಬಗ್ಗೆ

ಜಗಲಿ ಇಲಾಖೆ
(ಸದ್ಯಕ್ಕೆ ಜಗಲಿ ಇಲ್ಲದ ಕಾರಣ ಬಸ್ ನಿಲ್ದಾಣದ ಪಕ್ಕದ ಕರೆಂಟ್ ಕಂಬದ ಬುಡದಲ್ಲಿ ಕಾರ್ಯ ನಿರ್ವಹಿಸುತ್ತಿದೆ)
ಸಖರಾಯಪಟ್ಟಣ, ಕಡೂರು ತಾಲ್ಲೂಕು

ಸಂಖ್ಯೆ: ಜ.ಇ./ಕಲ್ಲು/ಹ.ದಿ./2025-26
ದಿನಾಂಕ: ಕಾರ್ತಿಕ ಮುಗಿದ ಮೊದಲನೇ ಸೋಮವಾರ

ಸುತ್ತೋಲೆ

ವಿಷಯ: ಕೊರೋನಾ ಬಂತೆಂದು ನಿಂತ ಸೂಪರ್ ಮಾರ್ಕೆಟ್ ನವೀಕರಣ ಕಾಮಗಾರಿಯು ಕೊರೋನಾ ಹೋದರೂ ನಿಂತೇ ಇರುವ ಬಗ್ಗೆ ಹಾಗೂ ಸದರಿ ಅಂಗಡಿಯ ಮುಂದಿನಿಂದ ಕಿತ್ತ ಜಗಲಿ ಕಲ್ಲಿನ ಬಗ್ಗೆ.

ಉಲ್ಲೇಖ:
1. ಅಂಗಡಿ ಮಾಲೀಕ ಶ್ರೀ ಓಂಕಾರೇಶ್ ಅವರು 2020ನೇ ಇಸವಿ, ಶಿವರಾತ್ರಿ ಕಳೆದ ಮೂರನೇ ವಾರ, ಬಾಯಲ್ಲಿ ಕೊಟ್ಟ ಮಾತು.
2. ಅಂಗಡಿಯ ಶಟರಿಗೆ ಕಟ್ಟಿದ ಫ್ಲೆಕ್ಸ್ (ಮೊದಲನೆಯದು, ಎರಡನೆಯದು ಹಾಗೂ ಬಣ್ಣದ ಮೂರನೆಯದು).
3. ಗಾರೆ ಕೆಲಸದ ಸಣ್ಣಬೀರಪ್ಪ ಅವರ ಹೇಳಿಕೆ (ಎರಡು ಟೀ ಕುಡಿಸಿದ ನಂತರ ಪಡೆದದ್ದು).

ಪ್ರಸ್ತಾವನೆ:

ದಿವಂಗತ ಷಣ್ಮುಖಪ್ಪ ಅವರ ದಿನಸಿ ಅಂಗಡಿಯ ಮುಂದೆ ಆಳುದ್ದದ ಕಲ್ಲು ಚಪ್ಪಡಿಯ ಜಗಲಿ ಇತ್ತು. ಅದರ ಮೇಲೆ ಮಾರಮ್ಮ ಎಂಬುವವರು ಹರೆಯದಲ್ಲಿ ಚಾಣ ಹಿಡಿದು ಚೌಕಾಬಾರದ ಮನೆ ಕೆತ್ತಿದ್ದರು. ಮಾರಮ್ಮ, ಭಾಗಮ್ಮ, ದ್ಯಾಮಮ್ಮ ಮತ್ತು ಕೆಳಗೆ ಹೆಬ್ಬೆಟ್ಟು ಒತ್ತಿದವರು, ಹೀಗೆ ನಾಲ್ವರು ಮಧ್ಯಾಹ್ನದ ಮುದ್ದೆ ಉಂಡು ಅಲ್ಲಿ ಆಡುತ್ತಿದ್ದರು. ಷಣ್ಮುಖಪ್ಪ ಅವರು ಒಂದು ದಿನವೂ ಏಳಿ ಎಂದವರಲ್ಲ.

ಅವರ ಮಗ ಓಂಕಾರೇಶ್ ಅವರಿಗೆ ಅಂಗಡಿಯನ್ನು ಸೂಪರ್ ಮಾರ್ಕೆಟ್ ಮಾಡುವ ಮನಸ್ಸಾಗಿ, ಉಲ್ಲೇಖ 1ರ ದಿನ, ಆಟ ನಡೆಯುತ್ತಿರುವಾಗಲೇ, "ಹದಿನೈದೇ ದಿನ ಕಣಜ್ಜಿ. ಯುಗಾದಿ ಹೊತ್ಗೆ ಗಾಜಿನ ಬಾಗ್ಲು, ಎಸಿ ಎಲ್ಲಾ ಬತ್ತದೆ. ನಿಮ್ಮ ಕಲ್ಲನ್ನ ಇಲ್ಲೇ ಹಾಕ್ಸ್ಕೊಡ್ತೀನಿ, ಈಗ ಎದ್ದೇಳಿ" ಎಂದು ಎಲ್ಲರನ್ನೂ ಎಬ್ಬಿಸಿರುತ್ತಾರೆ. ಆ ಹೊತ್ತಿನಲ್ಲಿ ಮಾರಮ್ಮನವರ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿ ಇತ್ತು. ಕವಡೆ ಅವರ ಕೈಯಲ್ಲಿತ್ತು. ಒಂದು ಬಿದ್ದಿದ್ದರೆ ಗೆದ್ದಿದ್ದರು.

ಆ ಯುಗಾದಿಯ ದಿನವೇ ದೇಶಕ್ಕೆ ಬೀಗ ಬಿತ್ತು. ಕಟ್ಟಡ ಕೆಲಸ ನಿಲ್ಲಿಸಿ ಎಂದು ಸರ್ಕಾರ ಹೇಳಿದ್ದು ಓಂಕಾರೇಶ್ ಅವರಿಗೆ ತಕ್ಷಣ ಕೇಳಿಸಿತು. ಇನ್ನು ಶುರು ಮಾಡಬಹುದು ಎಂದು ಹೇಳಿದ್ದು ಇವತ್ತಿನವರೆಗೂ ಕೇಳಿಸಿಲ್ಲ. ಆದುದರಿಂದ ಎಲ್ಲರ ಕಿವಿಗೂ ಬೀಳುವಂತೆ ಈ ಕೆಳಗಿನ ಕಲಂಗಳನ್ನು ಹೊರಡಿಸಲಾಗಿದೆ.

ಕಲಂ 1. ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಇನ್ನು ಮುಂದೆ "ಹದಿನೈದು ದಿನ" ಎಂದರೆ ಐದು ವರ್ಷ ಎಂಟು ತಿಂಗಳು ಹಾಗೂ ಮೇಲ್ಪಟ್ಟು ಎಂದು ಓದಿಕೊಳ್ಳತಕ್ಕದ್ದು. ಹೆರಿಗೆಗೆ ಹದಿನೈದು ದಿನ ಇದೆ ಎಂದು ಡಾಕ್ಟರಿಂದ ಹೇಳಿಸಿಕೊಂಡ ಬಸುರಿಯರು ತೊಟ್ಟಿಲು ಕೊಳ್ಳುವುದನ್ನು ಬಿಟ್ಟು ನೇರವಾಗಿ ಶಾಲೆಯಲ್ಲಿ ಸೀಟು ಮಾತಾಡಿಟ್ಟುಕೊಳ್ಳುವುದು. ಕಲ್ಲು ಕಿತ್ತ ದಿನ ಎಮ್ಮೆದೊಡ್ಡಿ ಕಾವಲಿನಲ್ಲಿ ಹುಟ್ಟಿದ ಕರುವೊಂದು ಈಗ ಮೂರು ಕರುಗಳ ತಾಯಿಯಾಗಿದ್ದು, ಇದೇ ಅವಧಿಯಲ್ಲಿ ಓಂಕಾರೇಶ್ ಅವರಿಗಿಂತ ಹೆಚ್ಚು ಕೆಲಸ ಮಾಡಿದ ಆ ಹಸುವಿಗೆ ಪ್ರಶಂಸಾ ಪತ್ರ ಮಂಜೂರು ಮಾಡಲಾಗಿದೆ.

ಕಲಂ 2. ಮಾಡದೇ ಉಳಿದ ಯಾವುದೇ ಕೆಲಸಕ್ಕೆ ಯಾರು ಬೇಕಾದರೂ ಕೊರೋನಾ ಕಾರಣ ಕೊಡಬಹುದಾಗಿದೆ. ಮದುವೆ ಕಳೆದರೂ ರವಿಕೆ ಹೊಲಿಯದ ದರ್ಜಿ, ಬಾರದೇ ಹೋದ ಹತ್ತೂವರೆಯ ಕಡೂರು ಬಸ್ಸು, ಮೊಟ್ಟೆ ಇಡುವುದನ್ನು ನಿಲ್ಲಿಸಿದ ಕೋಳಿ, ಎಲ್ಲರಿಗೂ ಈ ಸವಲತ್ತು ಅನ್ವಯಿಸುತ್ತದೆ. ಕೋಳಿಯು ಮಾಸ್ಕ್ ಹಾಕಿರತಕ್ಕದ್ದು.

ಕಲಂ 3. ಬೀಗದ ದಿನಗಳಲ್ಲಿ ಓಂಕಾರೇಶ್ ಅವರು ಶಟರು ಮೊಣಕಾಲುದ್ದ ಎತ್ತಿ ಸಕ್ಕರೆ, ಎಣ್ಣೆ ಮಾರುತ್ತಿದ್ದಾಗ, ಜನ ದೂರ ದೂರ ನಿಲ್ಲಲೆಂದು ನೆಲಕ್ಕೆ ಹನ್ನೊಂದು ಬಿಳಿ ವೃತ್ತ ಬಳಿಸಿದ್ದರು. ಬಿಸಿಲಿಗೆ ನಿಲ್ಲಲಾರದೆ ಜನ ವೃತ್ತದೊಳಗೆ ಚೀಲವನ್ನೋ ಚಪ್ಪಲಿಯನ್ನೋ ಇಟ್ಟು ನೆರಳಿಗೆ ಹೋಗುತ್ತಿದ್ದುದು ಎಲ್ಲರಿಗೂ ತಿಳಿದ ವಿಷಯ. ಅಂದು ದ್ಯಾಮಮ್ಮನವರು ನಾಲ್ಕನೇ ವೃತ್ತದಲ್ಲಿಟ್ಟ ಎಡಗಾಲಿನ ಚಪ್ಪಲಿ ಇಂದಿಗೂ ಸರದಿ ಕಾಯುತ್ತಿದೆ. ಸೇವಾ ಹಿರಿತನವನ್ನು ಗಮನಿಸಿ ಸದರಿ ಚಪ್ಪಲಿಗೆ ಮೂರನೇ ವೃತ್ತಕ್ಕೆ ಬಡ್ತಿ ನೀಡಲಾಗಿದೆ.

ಕಲಂ 4. ಉಲ್ಲೇಖ 2ರ ಫ್ಲೆಕ್ಸುಗಳಲ್ಲಿ "ಕೊರೋನಾ ನಿಮಿತ್ತ ಕಾಮಗಾರಿ ಸ್ಥಗಿತ, ಶೀಘ್ರದಲ್ಲೇ ಪ್ರಾರಂಭ" ಎಂದಿದೆ. ಬಿಸಿಲಿಗೆ ಹರಿದಾಗಲೆಲ್ಲ ಹೊಸದು ಕಟ್ಟಲಾಗಿದೆ. ಅಂಗಡಿ ಒಂದು ಸಲವೂ ನವೀಕರಣವಾಗದಿದ್ದರೂ ಫ್ಲೆಕ್ಸು ಎರಡು ಸಲ ನವೀಕರಣವಾಗಿರುವುದರಿಂದ, ನವೀಕರಣ ನಿಂತಿದೆ ಎಂದು ದೂರುವವರ ಮೇಲೆ ಕ್ರಮ ಜರುಗಿಸಲಾಗುವುದು.

ಕಲಂ 5. ಅಂಗಡಿಯ ನಡುವೆ, ಬಿಲ್ಲು ಹಾಕುವ ಟೇಬಲ್ ಬರಬೇಕಿದ್ದ ಜಾಗದಲ್ಲಿ, ಪರಂಗಿ ಗಿಡವೊಂದು ಹುಟ್ಟಿ ಕಾಮಗಾರಿಗೆಂದು ಸೂರು ಕಿತ್ತ ಕಡೆಯಿಂದ ಆಕಾಶ ನೋಡುತ್ತಿದೆ. ಸದ್ಯಕ್ಕೆ ಸೂಪರ್ ಮಾರ್ಕೆಟ್‌ನಲ್ಲಿ ಲಭ್ಯವಿರುವ ಸರಕು ಅದೊಂದೇ. ಗಿರಾಕಿಗಳೇ ಹತ್ತಿ ಕಿತ್ತುಕೊಳ್ಳತಕ್ಕದ್ದು. ಅದೇ ಹೊಸ ಪದ್ಧತಿ ಎಂದು ಓಂಕಾರೇಶ್ ಅವರೇ ಹೇಳಿದ್ದರು.

ಕಲಂ 6. ರೋಗದ ಸರಹದ್ದು. ಉಲ್ಲೇಖ 3ರಂತೆ ಸಣ್ಣಬೀರಪ್ಪ ಅವರ ಹೇಳಿಕೆ: "ನಿಂತಿದ್ದು ಅಂಗ್ಡಿ ಕೆಲ್ಸ ಅಷ್ಟೇ ಕಣಕ್ಕ. ಹಿಂದಿನ್ ಬೀದೀಲಿ ಅವ್ರ ಮನೆ ಕೆಲ್ಸ ಒಂದಿನಾನೂ ನಿಲ್ಲಿಲ್ಲ. ಹಿತ್ಲ ಕಡೆಯಿಂದ ಬಾ ಅಂದ್ರು, ಹೋದೆ. ಅಂಗ್ಡಿಗೆ ಬಂದಿದ್ದ ಸಿಮೆಂಟು, ಟೈಲ್ಸು ಎಲ್ಲಾ ಅಲ್ಲಿಗೇ ಹೋಯ್ತು." ಇದರಿಂದ, ಮುಖ್ಯರಸ್ತೆಯ ಕೊರೋನಾ ಹಿಂದಿನ ಬೀದಿಗೆ ತಿರುಗುವುದಿಲ್ಲ, ತಿರುಗಿದರೂ ಎರಡನೇ ಮಹಡಿ ಹತ್ತುವುದಿಲ್ಲ ಎಂದು ಇಲಾಖೆಯು ತೀರ್ಮಾನಿಸಿದೆ. ಮುಂದಿನ ರೋಗ ಬಂದಾಗ ಜನರೆಲ್ಲ ಓಂಕಾರೇಶ್ ಅವರ ಮಹಡಿಯಲ್ಲಿ ವಾಸಿಸತಕ್ಕದ್ದು.

ಕಲಂ 7. ಆ ಮನೆಯ ಗೃಹಪ್ರವೇಶಕ್ಕೆ ಐವತ್ತೇ ಜನ ಎಂಬ ನಿಯಮದಿಂದ ಈ ಇಲಾಖೆಗೆ ಕರೆ ಬಂದಿರಲಿಲ್ಲ. ಹೋದ ತಿಂಗಳು ಅವರ ಮಗಳ ನಿಶ್ಚಿತಾರ್ಥದ ಊಟಕ್ಕೆ ಮಾತ್ರ ಊರಿಗೆಲ್ಲ ಕರೆ ಬಂತು. ಹೋಳಿಗೆ ಚೆನ್ನಾಗಿತ್ತು. ಊಟವಾದ ಮೇಲೆ ಕೈ ತೊಳೆಯಲು ಹಿತ್ತಿಲ ನಲ್ಲಿಗೆ ಹೋದಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಬಿದ್ದು ಗೆರೆಗಳು ಎದ್ದು ಕಂಡವು. ಐದು ಸಾಲು, ಐದು ಕಂಬ, ಮೂಲೆಯ ಒಂದು ಮನೆ ಸೊಟ್ಟ. ಆ ಸೊಟ್ಟ ಮನೆ ಕೆತ್ತುವಾಗ ಮಾರಮ್ಮನವರ ಚಾಣ ಜಾರಿ ಹೆಬ್ಬೆರಳು ಸೀಳಿತ್ತು.

ಯಜಮಾನಿ ವಿಮಲಮ್ಮ ಅವರನ್ನು ವಿಚಾರಿಸಲಾಗಿ, "ಅಯ್ಯೋ, ಅದ್ಯಾವ್ದೋ ಹಳೇ ಕಲ್ಲು ಕಣಜ್ಜಿ. ಒಗ್ಯಕ್ಕೆ ಚೆನ್ನಾಗೈತೆ ಅಂತ ಹಾಕ್ಸಿದ್ರು" ಎಂದಿರುತ್ತಾರೆ. ಓಂಕಾರೇಶ್ ಅವರು, "ಕಲ್ಲಿಗ್ಯಾಕಜ್ಜಿ ಇಷ್ಟು ರಾಮಾಯ್ಣ? ಸೀಮೆಸುಣ್ಣದಲ್ಲಿ ಮನೆ ಬರ್ಕೊಂಡು ಎಲ್ಲಾದ್ರೂ ಆಡ್ಬೋದಲ್ವಾ" ಎಂದಿರುತ್ತಾರೆ. ಅದಕ್ಕೆ ದ್ಯಾಮಮ್ಮನವರು, "ಏನಪ್ಪಾ, ನೀನೂ ಸೀಮೆಸುಣ್ಣದಲ್ಲಿ ಅಂಗ್ಡಿ ಬರ್ಕೊಂಡು ಯಾಪಾರ ಮಾಡು ಮತ್ತೆ, ಐದು ವರ್ಷದಿಂದ ಯಾಕ್ ಸುಮ್ನೆ ಕುಂತಿದ್ದೀಯ" ಎಂದು ಲಿಖಿತವಲ್ಲದ ಉತ್ತರ ಕೊಟ್ಟಿದ್ದು, ಕಡತದಲ್ಲಿ ಸೇರಿಸಿಕೊಳ್ಳಲಾಗಿದೆ.

ಕಲಂ 8. ಅರ್ಧ ಆಡಿದ ಆಟವನ್ನು ಅದೇ ಕಲ್ಲಿನ ಮೇಲೆ ಮುಗಿಸದೆ ಇನ್ನೊಂದು ಆಟ ಹೂಡಬಾರದು ಎಂಬುದು ಈ ಇಲಾಖೆಯ ಹಳೆಯ ಕಟ್ಟಳೆ. ಅದರಂತೆ ಐದು ವರ್ಷ ಎಂಟು ತಿಂಗಳಿಂದ ಕವಡೆ, ಕಾಯಿಗಳು ಎಲೆಅಡಿಕೆ ಸಂಚಿಯಲ್ಲೇ ಇವೆ. ಮಾರಮ್ಮನವರು ಕೊರೋನಾವನ್ನು ಎರಡು ಸಲ ಗೆದ್ದರು. ಓಂಕಾರೇಶ್ ಅವರ ಹದಿನೈದು ದಿನವನ್ನು ಗೆಲ್ಲಲಾಗಲಿಲ್ಲ. ಹೋದ ವರ್ಷ ಆಷಾಢದಲ್ಲಿ, ಆಸ್ಪತ್ರೆಯ ಮಂಚದ ಮೇಲೆ, "ಲೇ ಹುಲಿಗಿ, ಕಲ್ಲು ಹಾಕುದ್ರೇನೇ? ಒಂದೇ ಮನೆ ಕಣೇ ನಂದು" ಎಂದು ಕೇಳಿದರು. ಹಾಕಿದ್ದಾರೆ ಎಂದು ಇಲಾಖೆಯು ಸುಳ್ಳು ವರದಿ ಸಲ್ಲಿಸಿತು. ಈ ಇಲಾಖೆ ಸಲ್ಲಿಸಿದ ಸುಳ್ಳು ವರದಿ ಅದೊಂದೇ.

ಆದೇಶ:

ಅ) ಸೂಪರ್ ಮಾರ್ಕೆಟ್ ತೆರೆಯಲಿ, ಬಿಡಲಿ, ಪರಂಗಿ ತೋಟ ಮಾಡಲಿ, ಇಲಾಖೆಯ ಆಕ್ಷೇಪಣೆ ಇರುವುದಿಲ್ಲ. ಕಲ್ಲನ್ನು ಮಾತ್ರ ಈ ಸುತ್ತೋಲೆ ತಲುಪಿದ ಹದಿನೈದು ದಿನದೊಳಗೆ ಇದ್ದಲ್ಲಿಗೇ ತಂದು ಹಾಕತಕ್ಕದ್ದು. ಇಲ್ಲಿ ಕಲಂ 1 ಅನ್ವಯಿಸುವುದಿಲ್ಲ. ಇದು ಷಣ್ಮುಖಪ್ಪ ಅವರ ಕಾಲದ ಹದಿನೈದು ದಿನ.

ಆ) ತಪ್ಪಿದಲ್ಲಿ, ಹದಿನಾರನೇ ದಿನದಿಂದ ಜಗಲಿ ಇಲಾಖೆಯು ಓಂಕಾರೇಶ್ ಅವರ ಹಿತ್ತಿಲಿಗೆ ವರ್ಗಾವಣೆಯಾಗುವುದು. ಮುದ್ದೆ ಉಂಡ ಹೊತ್ತಿನಿಂದ ದೀಪ ಹಚ್ಚುವವರೆಗೆ ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವಂತಿಲ್ಲ. ವಿಮಲಮ್ಮ ಅವರು ಟೀ ಕೊಡಲೇಬೇಕೆಂದಿಲ್ಲ. ಕೊಟ್ಟರೆ ಭಾಗಮ್ಮನವರಿಗೆ ಸಕ್ಕರೆ ಹಾಕಬಾರದು.

ಇ) ಕಲ್ಲು ಬಂದ ದಿನ ಆಟವು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸರದಿ ಮಾರಮ್ಮನವರದ್ದು. ಅವರ ಪರವಾಗಿ ಓಂಕಾರೇಶ್ ಅವರೇ ಕಾಲು ಮಡಚಿ ಕೂತು ಕವಡೆ ಹಾಕತಕ್ಕದ್ದು. ಒಂದು ಬೀಳುವವರೆಗೆ ಅವರು ಏಳುವಂತಿಲ್ಲ. ಎಷ್ಟು ಹೊತ್ತಾಗುತ್ತದೆ ಎಂದು ಅವರು ಕೇಳಿದರೆ, ಹದಿನೈದೇ ದಿನ ಎಂದು ಹೇಳತಕ್ಕದ್ದು. ಇಲ್ಲಿ ಕಲಂ 1 ಅನ್ವಯಿಸುತ್ತದೆ.

(ಎಡಗೈ ಹೆಬ್ಬೆಟ್ಟಿನ ಗುರುತು)
ಹುಲಿಗೆಮ್ಮ
ಪ್ರಭಾರ ಅಧಿಕಾರಿ, ಜಗಲಿ ಇಲಾಖೆ

ಪ್ರತಿಗಳು:
1. ಶ್ರೀ ಓಂಕಾರೇಶ್ ಅವರಿಗೆ, ಅವರದೇ ಶಟರಿನ ಮೇಲೆ, ಅವರದೇ ಫ್ಲೆಕ್ಸಿನ ಕೆಳಗೆ ಅಂಟಿಸುವ ಮೂಲಕ.
2. ಸಣ್ಣಬೀರಪ್ಪ ಅವರಿಗೆ, ಹಾರೆ ಮತ್ತು ಇಬ್ಬರು ಗಟ್ಟಿ ಆಳುಗಳೊಂದಿಗೆ ಸಿದ್ಧರಿರಲು.
3. ಮೂರನೇ ವೃತ್ತದ ಚಪ್ಪಲಿಗೆ, ಬಡ್ತಿ ಆದೇಶವೆಂದು ಭಾವಿಸಿಕೊಳ್ಳಲು.
4. ಕೊರೋನಾ ಅವರಿಗೆ. ವಿಳಾಸ ತಿಳಿಯದ ಕಾರಣ, ಓಂಕಾರೇಶ್ ಅವರ ಮೂಲಕ. ಅವರೊಬ್ಬರೇ ಇನ್ನೂ ಸಂಪರ್ಕದಲ್ಲಿರುತ್ತಾರೆ.
5. ಮಾರಮ್ಮನವರಿಗೆ, ಹಾರ ಹಾಕಿದ ಫೋಟೋದ ಹಿಂದೆ ಸಿಕ್ಕಿಸಲು. ಕಾಯಿ ಸಂಚಿಯಲ್ಲಿ ಇಟ್ಟಲ್ಲೇ ಇದೆ, ಯಾರೂ ಮುಟ್ಟಿಲ್ಲ.