ಚೆಂಡಿನ ಯಾವ ಮಗ್ಗಲಿಗೆ ಹೊಡೀಬೇಕ್ರಿ ಅಕ್ಕಾರ?

ಪೂಲ್ ಟೇಬಲ್ ಇರುವ ಕಡೆ ಚೆಂಡಿಗಿಂತ ಮಾತೇ ಹೆಚ್ಚು ಉರುಳುತ್ತದೆ. ಹಾಗಾಗಿ ಒಬ್ಬರಲ್ಲ ಒಬ್ಬರು ನಗೆಪಾಟಲಾಗದೆ ನಮ್ಮಲ್ಲಿ ದಿನ ಮುಗಿದದ್ದೇ ಇಲ್ಲ.

ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ ನನ್ನದೊಂದು ಪೂಲ್ ಹಾಲ್ ಇದೆ. ಕಾಲೇಜಿನಲ್ಲಿದ್ದಾಗ ಹುಡುಗರ ನಡುವೆ ನಿಂತು, ಅವರ ಕುಹಕ ಕೇಳಿಕೊಂಡೇ ಕಲಿತ ಆಟ. ಮಗಳು ಸಾಲೆಗೆ ಹೋಗತೊಡಗಿದ ಮೇಲೆ ಅದನ್ನೇ ಉದ್ಯೋಗ ಮಾಡಿಕೊಂಡೆ. "ಹೆಣ್ಣಮಗಳು ಪೂಲ್ ಕಲಸ್ತಾಳಂತ" ಎಂದು ಮೊದಮೊದಲು ಬರೀ ನೋಡಲು ಬಂದವರು ಈಗ ಕೋಲು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, "ಅಕ್ಕಾರ, ಅಕ್ಕಾರ" ಎನ್ನುತ್ತಾರೆ. ಹುಬ್ಬಳ್ಳಿಯವರು ಬಂದ ಕೂಡಲೇ ಹೊಡೆಯುತ್ತಾರೆ. ಧಾರವಾಡದವರು ಹೊಡೆಯುವ ಮೊದಲು ಚರ್ಚೆ ಮಾಡುತ್ತಾರೆ. ಚೆಂಡು ಇಬ್ಬರಿಗೂ ಬೀಳುವುದಿಲ್ಲ.

ಬೀಳದಿರುವುದಕ್ಕೆ ಕಾರಣ ಕಟ್ ಶಾಟ್. ಬಿಳಿ ಚೆಂಡು, ಬಣ್ಣದ ಚೆಂಡು, ಗುಂಡಿ ಮೂರೂ ಒಂದೇ ಸಾಲಿನಲ್ಲಿದ್ದರೆ ಸಣ್ಣ ಕೂಸೂ ಹಾಕೀತು. ಸಾಲು ತಪ್ಪಿದಾಗ ಬಿಳಿ ಚೆಂಡನ್ನು ಬಣ್ಣದ ಚೆಂಡಿನ ಮಗ್ಗಲಿಗೆ ತಾಗಿಸಿ, ಅದನ್ನು ಓರೆಯಾಗಿ ಗುಂಡಿಗೆ ಕಳಿಸಬೇಕು. ಮಗ್ಗಲಿಗೆ ಅಂದರೆ ಎಷ್ಟು ಮಗ್ಗಲಿಗೆ? ಗುರಿ ಹಿಡಿಯುವ ಪದ್ಧತಿಗಳು ಬೇಕಾದಷ್ಟಿವೆ. ನಾನು ಕಲಿಸಿದ ಒಂದೊಂದು ಪದ್ಧತಿಯೂ ಒಂದೊಂದು ಫಜೀತಿ ತಂದಿದೆ.

ದೆವ್ವದ ಚೆಂಡು

ಹೊಸಬರಿಗೆ ಮೊದಲು ಹೇಳಿಕೊಡುವುದು ಇದನ್ನೇ. ಬಣ್ಣದ ಚೆಂಡಿನ ಬೆನ್ನಿಗೆ, ಗುಂಡಿಯ ನೇರಕ್ಕೆ, ಇನ್ನೊಂದು ಚೆಂಡು ಅಂಟಿಕೊಂಡು ಕೂತಿದೆ ಎಂದು ಭಾವಿಸಬೇಕು. ಆ ಇಲ್ಲದ ಚೆಂಡಿನ ಜಾಗಕ್ಕೆ ಬಿಳಿ ಚೆಂಡನ್ನು ಕಳಿಸಿದರೆ ಆಯಿತು. ಇಲ್ಲದ್ದು ಕಾಣಬೇಕಲ್ಲ, ಅದಕ್ಕೇ ದೆವ್ವದ ಚೆಂಡು ಅನ್ನುವ ಹೆಸರು.

ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿ ರಜೆಯ ದಿನ ಬರುತ್ತಿದ್ದ. ಬಂದಾಗಲೆಲ್ಲ ಒಂದೇ ಗೋಳು: "ಅಕ್ಕಾರ, ದೆವ್ವ ಕಾಣವಲ್ದು." ಒಂದು ಸಂಜೆ ಏನಾಯಿತೋ, ಒಂದರ ಹಿಂದೊಂದು ಚೆಂಡು ಹಾಕತೊಡಗಿದ. ಅದೇ ಹೊತ್ತಿಗೆ ಊರಿಂದ ಅವನ ಅವ್ವನ ಫೋನು ಬಂತು. ಖುಷಿಯಲ್ಲಿ ಕೂಗಿಬಿಟ್ಟ: "ಯವ್ವಾ, ಆಮ್ಯಾಲ ಮಾತಾಡ್ತೇನಿ! ಈಗ ದೆವ್ವ ಕಾಣಾಕತ್ತೈತಿ!" ಅಷ್ಟೇ ಹೇಳಿ ಫೋನು ಇಟ್ಟ.

ಮರುದಿನ ಮುಂಜಾನೆ ನಾನು ಬಾಗಿಲ ಕೀಲಿ ತೆಗೆಯುವ ಮೊದಲೇ ಆ ತಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ವಿಭೂತಿ, ಲಿಂಬೆಹಣ್ಣು. ಪಕ್ಕದಲ್ಲಿ ಮುಖ ಸಣ್ಣದು ಮಾಡಿಕೊಂಡು ಮಗ.

"ಯವ್ವಾ, ಅದು ಖರೇ ದೆವ್ವ ಅಲ್ಲ. ಮನಸ್ಸಿನ್ಯಾಗ ಕಾಣೂದು" ಎಂದು ಅವನು ಅಳುವ ದನಿಯಲ್ಲಿ ಹೇಳುತ್ತಿದ್ದ.

"ಎಲ್ಲಾ ದೆವ್ವಾನೂ ಮೊದಲ ಮನಸ್ಸಿನ್ಯಾಗ ಕಾಣ್ತಾವ, ತಮ್ಮಾ. ನೀ ಸುಮ್ಕಿರು."

ನಾನಾದರೂ ತಿಳಿಹೇಳೋಣವೆಂದು ಒಳಗೆ ಕರೆದು ಟೇಬಲ್ ತೋರಿಸಿದೆ. "ನೋಡ್ರಿ ಅವ್ವಾ, ಇಲ್ಲೆ, ಈ ಕೆಂಪು ಚೆಂಡಿನ ಬೆನ್ನಿಗೆ ಇರ್ತೈತಿ."

"ಬೆನ್ನಿಗೇ ಹತ್ತೇತಿ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು.

ಆಮೇಲೆ ನನ್ನ ಮಾತಿಗೆ ಜಾಗವಿರಲಿಲ್ಲ. ಒಂದೊಂದು ಚೆಂಡಿಗೂ ವಿಭೂತಿ ಬಳಿದಳು. ಟೇಬಲ್ ಮೇಲಿನ ದೀಪಕ್ಕೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಹೋಗುವಾಗ ನನ್ನ ಗಲ್ಲ ಸವರಿ, "ನೀನೂ ಹುಷಾರವಾ, ದಿನಾ ಇಲ್ಲೇ ಇರಾಕಿ" ಎಂದಳು.

ಆ ಸಂಜೆ ವಿದ್ಯಾರ್ಥಿ ಎಷ್ಟು ಹೊಡೆದರೂ ಒಂದು ಚೆಂಡೂ ಬೀಳಲಿಲ್ಲ. ಕೊನೆಗೆ ಕೋಲು ಗೋಡೆಗೆ ಆನಿಸಿ ಬಂದು ಕೈಮುಗಿದ.

"ಅಕ್ಕಾರ, ಆ ಲಿಂಬಿಹಣ್ಣು ಬಿಚ್ರಿ. ನಮ್ಮವ್ವ ಖರೇನ ಓಡಿಸಿಬಿಟ್ಟಾಳ!"

ಕೊಸರು

ಹುಬ್ಬಳ್ಳಿಯ ಕಾಳಿನ ವ್ಯಾಪಾರಿಯೊಬ್ಬರು ದೆವ್ವದ ಹೆಸರು ತೆಗೆಯುತ್ತಲೇ ಕೈ ಅಡ್ಡ ಮಾಡಿದರು. "ಕಾಣಲಾರದ್ದು ನಮಗ ಬ್ಯಾಡ್ರಿ ಅಕ್ಕಾರ. ನಮ್ಮದು ಕಣ್ಣಿಗೆ ಕಂಡಿದ್ದು ತೂಗಿ ಕೊಡೋ ಧಂದೆ."

ಹಾಗಾದರೆ ಇದು ತಗೊಳ್ಳಿ ಎಂದು ಪಾಲಿನ ಲೆಕ್ಕ ಹೇಳಿದೆ. ಬಿಳಿ ಚೆಂಡಿನ ಹಿಂದೆ ಬಗ್ಗಿ ನೋಡಿದಾಗ ಅದು ಬಣ್ಣದ ಚೆಂಡನ್ನು ಎಷ್ಟು ಮುಚ್ಚಬೇಕು ಅನ್ನುವುದಷ್ಟೇ ಪ್ರಶ್ನೆ. ಪೂರಾ ಮುಚ್ಚಿದರೆ ಚೆಂಡು ನೇರ ಹೋಗುತ್ತದೆ. ಅರ್ಧ ಮುಚ್ಚಿದರೆ ಓರೆ. ಪಾವು, ಅಂದರೆ ಕಾಲು ಭಾಗ ಮುಚ್ಚಿದರೆ ಇನ್ನೂ ಓರೆ.

ಅವರ ಮುಖ ಅರಳಿತು. "ಅರೆ, ಇದು ನಮ್ಮ ತಕ್ಕಡಿ ಲೆಕ್ಕ!"

ಲೆಕ್ಕ ಬಂತು, ಚೆಂಡು ಮಾತ್ರ ಬೀಳಲಿಲ್ಲ. ಪ್ರತಿ ಸಲವೂ ಗುಂಡಿಯ ಪಕ್ಕದ ಅಂಚಿಗೆ ಬಡಿದು ವಾಪಸು ಬರುತ್ತಿತ್ತು. ಹಿಂದೆ ನಿಂತು ನೋಡಿದೆ. ಗುರಿ ಬರೋಬ್ಬರಿ ಪಾವಿಗೇ ಹಿಡಿಯುತ್ತಿದ್ದರು. ಹೊಡೆಯುವ ಗಳಿಗೆಯಲ್ಲಿ ಮಾತ್ರ ಕೈ ಒಂದು ಕೂದಲಷ್ಟು ಒಳಗೆ ಸರಿಯುತ್ತಿತ್ತು.

"ಕಾಕಾರ, ಪಾವು ಅಂದ್ರ ಪಾವ ಹೊಡೀರಿ. ಜಾಸ್ತಿ ಯಾಕ ಹಾಕಾಕತ್ತೀರಿ?"

ಅವರು ನಾಚಿಕೊಂಡರು. "ಏನ್ ಮಾಡೂದ್ರಿ? ಅಂಗಡ್ಯಾಗ ಬೆಳದ ಕೈ ಇದು. ಬರೋಬ್ಬರಿ ತೂಗಿ ಬಿಟ್ರ ಮನಸ್ಸಿಗೆ ಸಮಾಧಾನ ಆಗೂದಿಲ್ಲ. ಮ್ಯಾಲ ಒಂದೀಟು ಕೊಸರು ಬೀಳಾಕಬೇಕು."

ಪಕ್ಕದ ಟೇಬಲ್ಲಿನಲ್ಲಿ ಆಡುತ್ತಿದ್ದ ನಿವೃತ್ತ ಮಾಸ್ತರರು ಆ ಅಂಗಡಿಯ ಹಳೆಯ ಗಿರಾಕಿ. ಬಗ್ಗಿದವರು ಹಾಗೇ ಎದ್ದು ನಿಂತರು.

"ಹಂಗಾರ ಸಾವಕಾರ್ರ, ಇಷ್ಟು ವರ್ಷ ನನ್ನ ತೊಗರಿಬ್ಯಾಳಿ ಕೊಸರು ಇಲ್ಲೆ ಬೀಳಾಕತ್ತಿತ್ತೇನ್ರಿ?"

ಗಣಿತದ ಸರ್

ಧಾರವಾಡದ ಕಾಲೇಜೊಂದರಲ್ಲಿ ಗಣಿತ ಕಲಿಸುವ ಸರ್ ಒಬ್ಬರಿದ್ದಾರೆ. ದೆವ್ವ, ತಕ್ಕಡಿ ಎರಡನ್ನೂ ಅವರು ಒಪ್ಪುವುದಿಲ್ಲ. ಅವರದು ಸಮಾನಾಂತರ ರೇಖೆಯ ಪದ್ಧತಿ. ಬಣ್ಣದ ಚೆಂಡಿನಿಂದ ಗುಂಡಿಗೆ ಮನಸ್ಸಿನಲ್ಲೇ ಒಂದು ಗೆರೆ, ಬಿಳಿ ಚೆಂಡಿನಿಂದ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಗೆರೆ. ಲೆಕ್ಕ ಕೂಡಿಬರುವ ತನಕ ಕೋಲು ಅಲ್ಲಾಡುವುದಿಲ್ಲ.

ಒಂದು ಭಾನುವಾರ ಅವರ ಹಳೆಯ ವಿದ್ಯಾರ್ಥಿ, ಈಗ ವಕೀಲ, ಅವರೊಂದಿಗೆ ಆಟಕ್ಕೆ ನಿಂತ. ಸರ್ ಅವರದು ಪೂರಾ ಬಣ್ಣದ ಚೆಂಡುಗಳು, ವಕೀಲನದು ಪಟ್ಟೆ ಚೆಂಡುಗಳು. ಸರ್ ಅವರ ಪಾಳಿ ಬಂತು. ಟೇಬಲ್ ಸುತ್ತ ನಡೆದರು. ಕುಕ್ಕರಗಾಲಿನಲ್ಲಿ ಕೂತರು. ಎದ್ದು ಹೆಬ್ಬೆರಳು ಎತ್ತಿ ಒಂದು ಕಣ್ಣು ಮುಚ್ಚಿದರು. ಕೋಲನ್ನು ಗಾಳಿಯಲ್ಲಿ ಅಡ್ಡ ಹಿಡಿದರು. ಮತ್ತೆ ನಡೆದರು.

ವಕೀಲ ನನ್ನ ಕಡೆ ನೋಡಿ, "ಅಕ್ಕಾರ, ಒಂದು ತಾರೀಖು ಕೊಟ್ಟಿದ್ರ ನಾ ಅವತ್ತ ಬರ್ತಿದ್ದೆ" ಎಂದು ಪಿಸುಗುಟ್ಟಿ, ಕೆಳಗಿನ ಬೇಕರಿಗೆ ಹೋಗಿ ಚಾ ಕುಡಿದು, ಖಾರಾ ಬನ್ ತಿಂದು, ಬಾಯಿ ಒರೆಸಿಕೊಳ್ಳುತ್ತ ವಾಪಸು ಬಂದ. ಸರ್ ಆಗಷ್ಟೇ ಬಗ್ಗಿದ್ದರು.

ಹೊಡೆದರು ನೋಡಿ! ಬಿಳಿ ಚೆಂಡು ಹೋಗಿ ಗುರಿ ಇಟ್ಟ ಚೆಂಡಿಗೆ ಎಳ್ಳಷ್ಟು ತಾಗಿತು. ಆ ಚೆಂಡು ಓರೆಯಾಗಿ ಟೇಬಲ್ಲಿನ ಆ ತುದಿಯವರೆಗೆ ಉರುಳಿ ಗುಂಡಿಯೊಳಗೆ ಬಿತ್ತು. ಹಾಲ್‌ನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಸರ್ ಚಷ್ಮಾ ಸರಿಮಾಡಿಕೊಂಡು, "ಇದಕ್ಕ ರೇಖಾಗಣಿತ ಅಂತಾರ" ಎಂದರು.

ವಕೀಲ ಗುಂಡಿಯಲ್ಲಿ ಕೈ ಹಾಕಿ ಚೆಂಡು ತೆಗೆದು ಎಲ್ಲರಿಗೂ ತೋರಿಸಿದ. ಪಟ್ಟೆ ಚೆಂಡು.

"ಸರ್, ಉತ್ತರ ಬರೋಬ್ಬರಿ ಅದರಿ. ಆದ್ರ ನನ್ನ ಪೇಪರ್ ನೀವು ಬರದೀರಿ."

ಡಾಕ್ಟರ ಧರ್ಮಸಂಕಟ

ರೇಲ್ವೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರದು ಯಾವ ಪದ್ಧತಿಯೂ ಅಲ್ಲ. "ಕೈಗೆ ಗೊತ್ತೈತಿ ಬಿಡ್ರಿ" ಅನ್ನುವವರು. ಅವರ ಜೋಡಿ ಆಡುವವರು ಹುಬ್ಬಳ್ಳಿಯ ಒಬ್ಬ ಕಣ್ಣಿನ ಡಾಕ್ಟರು. ಇಬ್ಬರೂ ಬಹಳ ವರ್ಷದ ಗೆಳೆಯರು. ಮೊದಲೆಲ್ಲ ಡಾಕ್ಟರೇ ಸೋಲುತ್ತಿದ್ದರು. ಬರಬರುತ್ತ ಹಿರಿಯರ ಕಣ್ಣಿಗೆ ಪೊರೆ ಬಂತು. ಹೊಡೆದು, ತಲೆ ವಾಲಿಸಿ ಸದ್ದು ಕೇಳಿ, "ಬಿತ್ತೇನ್ರಿ?" ಎಂದು ನಮ್ಮನ್ನೇ ಕೇಳುವ ಹಾಗಾಯಿತು.

ಒಂದಿನ, "ಡಾಕ್ಟರ, ಎರಡೆರಡು ಚೆಂಡು ಕಾಣಾಕತ್ತಾವ. ಯಾವುದಕ್ಕ ಹೊಡೀಲಿ?" ಎಂದರು.

"ಎರಡೂ ನಿಮ್ಮವ ಅಲ್ರೀ? ಯಾವುದಕ್ಕರ ಹೊಡೀರಿ" ಎಂದರು ಡಾಕ್ಟರು, ನಗುತ್ತ. ಆದರೆ ಆಟ ಮುಗಿದ ಮೇಲೆ ಪಕ್ಕದಲ್ಲಿ ಕೂತು, "ಆಪರೇಷನ್ ಮಾಡಿಸ್ಕೊಂಡುಬಿಡ್ರಿ. ನಾ ಇದ್ದೇನಲ್ಲ" ಎಂದು ಮೆಲ್ಲಗೆ ಹೇಳಿದ್ದನ್ನೂ ನಾನು ಕೇಳಿದ್ದೇನೆ.

ಹಿರಿಯರಿಗೆ ಹೆದರಿಕೆ. ಕಣ್ಣಿನದ್ದಲ್ಲ, ಆಟದ್ದು. ಹೊಸ ಕಣ್ಣಿಗೆ ಹಳೆಯ ಗುರಿ ಸಿಗದಿದ್ದರೆ ಭಾನುವಾರ ಎಲ್ಲಿಗೆ ಹೋಗಬೇಕು? ಡಾಕ್ಟರು ಬಿಡಲಿಲ್ಲ. ಒಪ್ಪಿಸಿ, ಕೋಲಿನ ನೇರಕ್ಕೆ ಬರುವ ಬಲಗಣ್ಣಿಗೇ ಮೊದಲು ಆಪರೇಷನ್ ಮಾಡಿದರು.

ಕಣ್ಣು ಮಾಗಿದ ಮೇಲೆ ಹಿರಿಯರು ಮತ್ತೆ ಮಾಳಿಗೆ ಹತ್ತಿದರು. ಟೇಬಲ್ ಮುಂದೆ ಬಗ್ಗಿದವರು ಬಗ್ಗಿಯೇ ಇದ್ದರು. "ಅಯ್ಯ ನನ್ನಪ್ಪಾ, ಚೆಂಡಿನ ಅಂಚು ಕಾಣಾಕತ್ತೈತಿ! ಇಷ್ಟು ಹಸರ ಇತ್ತೇನ್ರಿ ಈ ಬಟ್ಟಿ?" ಎಂದರು. ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಹೊಡೆಯಲು ಶುರು ಮಾಡಿದರು. ಡಾಕ್ಟರಿಗೆ ಪಾಳಿಯೇ ಬರಲಿಲ್ಲ. ಮುಂದಿನ ಆಟದಲ್ಲೂ ಅದೇ ಕಥೆ. ಡಾಕ್ಟರು ಬೆಂಚಿನ ಮೇಲೆ ಕೂತು ತಮ್ಮ ಕೈಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು.

"ಡಾಕ್ಟರ, ಎಡಗಣ್ಣು ಯಾವಾಗ ಮಾಡೂಣ್ರಿ?" ಎಂದರು ಹಿರಿಯರು, ಉತ್ಸಾಹದಿಂದ.

ಡಾಕ್ಟರು ಎದ್ದು ಕೋಲನ್ನು ಜಾಗದಲ್ಲಿಟ್ಟರು. "ಅದಕ್ಕ ಬ್ಯಾರೆ ಡಾಕ್ಟರ ಹೆಸರು ಕೊಡ್ತೇನಿ. ಛಲೋ ಮನಿಷಾ. ಪೂಲ್ ಆಡೂದಿಲ್ಲ."

ಬೀಗರ ಆಟ

ಹುಬ್ಬಳ್ಳಿಯ ವರ, ಧಾರವಾಡದ ಕನ್ಯೆ. ನೋಡುವುದು, ಒಪ್ಪುವುದು ಎಲ್ಲ ಮುಗಿದಿತ್ತು. ಮದುವೆ ಎಲ್ಲಿ, ಯಾವಾಗ ಎಂದು ಮಾತಾಡಲು ಎರಡೂ ಮನೆಯವರು ನಡುಮಧ್ಯದಲ್ಲಿ, ಅಂದರೆ ನಮ್ಮ ಓಣಿಯ ಸಂಬಂಧಿಕರ ಮನೆಯಲ್ಲಿ ಕೂಡಿದ್ದರು. ಹೆಂಗಸರ ಮಾತು ಸೀರೆಗೆ ಬಂದಾಗ ಇಬ್ಬರು ಅಪ್ಪಂದಿರು ಎದ್ದು ತಿರುಗಾಡಲು ಹೊರಟು, ಬೋರ್ಡು ನೋಡಿ ಮೇಲೆ ಬಂದರು.

ಇಬ್ಬರೂ ಹರೆಯದಲ್ಲಿ ಆಡಿದವರಂತೆ. "ಮೊದಲ ನೀವು ಹೊಡೀರಿ ಬೀಗರ." "ಛೆ ಛೆ, ಮೊದಲ ನೀವು." ಹೀಗೆ ಬಹಳ ಮರ್ಯಾದೆಯಿಂದ ಆಟ ಶುರುವಾಯಿತು. ಒಂದು ಕಟ್ ಶಾಟ್ ಬರುವ ತನಕ ಮರ್ಯಾದೆ ಇತ್ತು.

ಹೆಣ್ಣಿನ ಅಪ್ಪ ಗುರಿ ಹಿಡಿದಾಗ ಗಂಡಿನ ಅಪ್ಪ ಸಹಾಯ ಮಾಡಹೋದರು. "ಅರ್ಧಾ ಚೆಂಡಿಗೆ ಹೊಡೀರಿ ಬೀಗರ."

"ಅರ್ಧಾ ಪಾವು ನಮಗ ಬ್ಯಾಡ್ರಿ. ತಾಗೂ ಜಾಗ ಒಂದನ್ನ ನೋಡಬೇಕು."

"ಹುಬ್ಬಳ್ಳ್ಯಾಗ ಯಾರೂ ಹಂಗ ಹೊಡ್ಯೂದಿಲ್ರಿ."

"ಅದಕ್ಕ ನಿಮಗ ಬೀಳವಲ್ದು."

ಮಾತು ಚೆಂಡಿನಿಂದ ಊರಿಗೆ, ಊರಿಂದ ಕಲ್ಯಾಣಮಂಟಪಕ್ಕೆ ಹೋಯಿತು. "ಧಾರವಾಡದಾಗ ನಮ್ಮ ಮಂದಿ ಹಿಡಿಯೂವಂಥಾ ಮಂಟಪ ಎಲ್ಲೈತಿ?" ಎಂದರು ಇವರು. "ಮಂದಿ ನೋಡಿ ಹೆಣ್ಣು ಕೊಡೂದಲ್ರಿ, ಗುಣಾ ನೋಡಿ ಕೊಡೂದು" ಎಂದರು ಅವರು. ಸಂಬಂಧವೇ ಮುರಿದುಬಿದ್ದೀತು ಎನ್ನಿಸಿತು. ಓಡಿಹೋಗಿ ಮನೆಯವರನ್ನು ಕರೆತಂದೆ.

ಇಬ್ಬರು ತಾಯಂದಿರು ಮೇಲೆ ಬಂದರು. ಹಿಂದೆ ಮದುಮಕ್ಕಳು, ಮುಖದಲ್ಲಿ ರಕ್ತವಿಲ್ಲ. ಟೇಬಲ್ ಮೇಲೆ ಆಗ ಕರಿ ಚೆಂಡೊಂದೇ ಉಳಿದಿತ್ತು, ಅದನ್ನು ಹಾಕಿದವರು ಗೆದ್ದಂತೆ. ಗುಂಡಿಯ ಬಾಯಲ್ಲೇ ಕೂತಿತ್ತು, ಉಸಿರು ಬಿಟ್ಟರೆ ಬೀಳುವಂತೆ.

ತಾಯಂದಿರು ತಮ್ಮ ತಮ್ಮ ಯಜಮಾನರನ್ನು ಒಂದೊಂದು ಮೂಲೆಗೆ ಕರೆದೊಯ್ದರು. ನಾನು ನಡುವೆ ನಿಂತಿದ್ದರಿಂದ ಎರಡೂ ಕಿವಿಗೆ ಬಿತ್ತು.

"ಮಗಳ ಮುಂದ ಬೀಗರ ಜೋಡಿ ಜಗಳೇನ್ರಿ? ಸುಮ್ನ ಸೋತು ಬರ್ರಿ" ಎಂದರು ಹೆಣ್ಣಿನ ತಾಯಿ.

"ನಾಳೆ ನಮ್ಮನಿಗೆ ಬರೂ ಹುಡಿಗಿ ಆಕಿ. ಆಕಿ ಮುಂದ ಆಕಿ ಅಪ್ಪನ್ನ ಸೋಲಸ್ತೀರಿ? ಸೋತು ಬರ್ರಿ, ಇಲ್ಲಾಂದ್ರ ನೋಡ್ರಿ ಮತ್ತ" ಎಂದರು ಗಂಡಿನ ತಾಯಿ.

ಹೆಣ್ಣಿನ ಅಪ್ಪ ಬಗ್ಗಿ ಹೊಡೆದರು. ಬಿಳಿ ಚೆಂಡು ಕರಿ ಚೆಂಡಿಗೆ ಗೇಣು ದೂರದಲ್ಲಿ ನಿಂತಿತು. "ಅಯ್ಯೋ, ತಪ್ಪಿತ ನೋಡ್ರಿ!"

ಗಂಡಿನ ಅಪ್ಪ ಹೊಡೆದರು. ಬಿಳಿ ಚೆಂಡು ಕರಿ ಚೆಂಡಿನ ಪಕ್ಕದಲ್ಲೇ ಸುಳಿದು, ಸೋಕದೆ ಹೋಯಿತು. "ಛೇ ಛೇ, ಕೈ ಜಾರಿತು!"

ಮತ್ತೆ ಅವರು. ಮತ್ತೆ ಇವರು. ಗುರಿ ತಪ್ಪಿಸಲು ಅವರು ಪಟ್ಟ ಕಷ್ಟವನ್ನು ಗುರಿ ಹಿಡಿಯಲು ಯಾರೂ ಪಟ್ಟದ್ದು ನಾನು ನೋಡಿಲ್ಲ. ಫೌಲ್ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮದುಮಗಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮದುಮಗ ಗೋಡೆಯ ಕಡೆ ತಿರುಗಿ ನಿಂತಿದ್ದ, ಭುಜ ಅಲುಗುತ್ತಿತ್ತು.

ಗಂಡಿನ ಅಪ್ಪ ಬೆವರು ಒರೆಸಿಕೊಂಡರು. ಇನ್ನು ಅಪಾಯವೇ ಬೇಡ ಎಂದು ಕರಿ ಚೆಂಡಿಗೆ ಪೂರಾ ಬೆನ್ನು ತಿರುಗಿಸಿ, ಬಾಗಿಲಿದ್ದ ಆಚೆ ಕಡೆಗೆ ಜೋರಾಗಿ ಬಾರಿಸಿದರು. ಬಿಳಿ ಚೆಂಡು ಆಚೆಯ ಅಂಚಿಗೆ ಬಡಿಯಿತು. ಪಕ್ಕದ ಅಂಚಿಗೆ ಬಡಿಯಿತು. ತಿರುಗಿ, ಟೇಬಲ್ ಉದ್ದಕ್ಕೂ ಓಡಿಬಂದು, ಕರಿ ಚೆಂಡಿನ ಮಗ್ಗಲನ್ನು ಕೂದಲೆಳೆಯಷ್ಟು ಸವರಿತು.

ಟಪ್.

ಅಂಥ ಕಟ್ ಶಾಟ್ ನಮ್ಮ ಹಾಲ್‌ನಲ್ಲಿ ಅಲ್ಲಿಯತನಕ ಯಾರೂ ಹೊಡೆದಿರಲಿಲ್ಲ, ನನ್ನನ್ನೂ ಸೇರಿಸಿ. ಗಂಡಿನ ಅಪ್ಪ ಕೋಲು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ನಿನ್ನಾಣಿ! ಸೋಲಾಕ ಹೊಡದಿದ್ದೆ!"

"ಅಯ್ಯ ಬೀಗರ!" ಎಂದು ಹೆಣ್ಣಿನ ಅಪ್ಪ ಟೇಬಲ್ ಸುತ್ತಿ ಓಡಿಬಂದರು. "ನಾನೂ ಅದನ್ನ ಮಾಡಾಕತ್ತಿದ್ನೆಲ್ರೀ!"

ಮದುಮಗಳು ಮೊದಲು ನಕ್ಕಳು. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ. ಬೀಗರಿಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಕಣ್ಣು ಒರೆಸಿಕೊಂಡರು. ಹುಬ್ಬಳ್ಳಿಯೂ ಬೇಡ, ಧಾರವಾಡವೂ ಬೇಡ, ಮದುವೆ ಎರಡರ ನಡುವಿನ ರಾಯಾಪುರದಲ್ಲಿ ಎಂದು ಅಲ್ಲಿಯೇ, ಪೂಲ್ ಟೇಬಲ್ ಪಕ್ಕದಲ್ಲಿಯೇ ಠರಾವಾಯಿತು.

ಎಲ್ಲರೂ ಮೆಟ್ಟಿಲು ಇಳಿಯುವಾಗ ಹೆಣ್ಣಿನ ಅಪ್ಪ ಹಿಂದೆ ಉಳಿದು, ಬೀಗರ ತೋಳು ಹಿಡಿದು ದನಿ ತಗ್ಗಿಸಿದರು. "ಈಗ ಯಾರೂ ಇಲ್ಲ, ಖರೇ ಹೇಳ್ರಿ. ಆ ಶಾಟಿಗೆ ಗುರಿ ಎಲ್ಲೆ ಹಿಡಿದಿದ್ರಿ?"

ಗಂಡಿನ ಅಪ್ಪ ಮುಂದೆ ಇಳಿಯುತ್ತಿದ್ದ ಹೆಂಡತಿಯನ್ನು ಒಮ್ಮೆ ನೋಡಿದರು.

"ಬಾಗಲಕ್ಕ."