ಬ್ಯಾಂಡ್ ಸೆಟ್ಟಿಗಾಗಿ ಊರೂರು ಅಲೆದದ್ದು

ನಮ್ಮ ಮನೆತನದಲ್ಲಿ ಯಾರನ್ನಾದರೂ ಗಾಬರಿಪಡಿಸದೆ ಮುಗಿದ ಮದುವೆ ಒಂದೂ ಇಲ್ಲ. ಈಗ ನಾನಿರುವ ಜಬಲ್ಪುರದಲ್ಲಿ ಮದುವೆ ಕಾಲ ಬಂತೆಂದರೆ ಬೀದಿಗೊಂದು ಬ್ಯಾಂಡು ಜರಿ ಟೋಪಿ ಹಾಕಿಕೊಂಡು ಊದುತ್ತಾ ಹೋಗುತ್ತದೆ. ಅಷ್ಟು ಸುಲಭವಾಗಿ ಸಿಗುವ ಬ್ಯಾಂಡನ್ನು ಕಂಡರೆ ನನಗೆ ಇಂದಿಗೂ ಹೊಟ್ಟೆಕಿಚ್ಚು. ಅರವತ್ತರ ದಶಕದ ಕೊನೆಯಲ್ಲಿ ಕೊಳ್ಳೇಗಾಲದಲ್ಲಿ ನನ್ನ ಮದುವೆ ಗೊತ್ತಾದಾಗ ಒಂದು ಬ್ಯಾಂಡಿಗಾಗಿ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕಾರ್ಡು

ಗಂಡಿನ ಕಡೆಯವರು ಯಳಂದೂರಿನ ಹತ್ತಿರದ ಜಮೀನುದಾರರು. ಮದುವೆಗೆ ಹದಿನೈದು ದಿನ ಇದೆ ಎನ್ನುವಾಗ ಗಂಡಿನ ತಂದೆಯಿಂದ ಅಪ್ಪನಿಗೆ ಒಂದು ಕಾರ್ಡು ಬಂತು. ಎರಡು ಸಾಲು ಕ್ಷೇಮ ಸಮಾಚಾರ. ಆಮೇಲೆ ಹೀಗೆ: "ನಮ್ಮ ಅಣ್ಣನ ಮಗನ ಮದುವೆಗೆ ಬ್ಯಾಂಡ್ ಸೆಟ್ ಇತ್ತು. ನಮಗೂ ಇರತಕ್ಕದ್ದು. ಇಲ್ಲವಾದರೆ ದಿಬ್ಬಣವು ಬಸ್ ಸ್ಟ್ಯಾಂಡಿನಿಂದ ಮುಂದಕ್ಕೆ ಬರುವುದಿಲ್ಲ."

ಅಪ್ಪ ಓದಿದವರೇ ಊರಿನ ಕೆಂಪು ಕೋಟಿನ ಬ್ಯಾಂಡಿನವರ ಮನೆಗೆ ಓಡಿದರು. ನಮಗೆ ಗೊತ್ತಿದ್ದದ್ದು ಅದೊಂದೇ ಬ್ಯಾಂಡು. ಅದರ ಯಜಮಾನ ಡೈರಿ ತೆಗೆದು ನೋಡಿ, "ಅವತ್ತು ಬ್ಯಾರೆ ಕಡೆ ಒಪ್ಕಂಡಿದ್ದೀವಿ ಸಾ. ಲಗ್ನ ಒಂದು ವಾರ ಮುಂದಕ್ಕಾಕಿ" ಎಂದ.

"ಜಾತಕ ನೋಡಿ ಇಟ್ಟ ಲಗ್ನ ಕಣಯ್ಯ."

"ಜಾತಕದ ಜೊತೇಲಿ ನಮ್ಮ ಡೈರಿನೂ ನೋಡುಸ್ಬೇಕಾಗಿತ್ತು ಸಾ."

ಅಪ್ಪ ಬಂದು ಜಗಲಿಯ ಮೇಲೆ ಕೂತುಬಿಟ್ಟರು. "ಈ ಸಂಬಂಧ ಕೈ ಬಿಟ್ಟೋಯ್ತು ಕಣವ್ವ" ಎಂದರು. ಹುಡುಗನನ್ನು ನಾನು ಒಂದೇ ಸಲ ನೋಡಿದ್ದೆ. ಆದರೆ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಆಗ ನಾನು ಗ್ರಾಮಸೇವಿಕೆಯಾಗಿ ಹಳ್ಳಿ ಹಳ್ಳಿ ಸುತ್ತುತ್ತಿದ್ದೆ. ಪೇಟೆಯಲ್ಲಿ ಇಲ್ಲದಿದ್ದರೆ ಏನಂತೆ, ಹಳ್ಳಿಗಳಲ್ಲಿ ಊದುವವರು ಇಲ್ಲವೇ, ನಾನೇ ಹುಡುಕುತ್ತೇನೆ ಎಂದೆ.

ಸೆಟ್ಟು ಬಂತು

ಬಂಡಳ್ಳಿಯಲ್ಲಿ ಒಂದು ಸೆಟ್ಟು ಇದೆಯಂತೆ ಎಂದು ಯಾರೋ ಅಂದರು. ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಹತ್ತಿರ, "ಸೆಟ್ಟು ಇರುವವರು ತಂದು ತೋರಿಸಬೇಕಂತೆ ಅಂತ ಹೇಳಿ" ಎಂದು ಕಳಿಸಿದೆ. ಮಾರನೆಯ ಬೆಳಿಗ್ಗೆ ಬಾಗಿಲಿಗೆ ಎತ್ತಿನ ಗಾಡಿ ಬಂತು. ಮುಂದೆ ಒಬ್ಬ ರೈತ, ಹಿಂದೆ ಗೋಣಿಚೀಲ ಮುಚ್ಚಿದ ದೊಡ್ಡ ಸಾಮಾನು.

ಅಪ್ಪನಿಗೆ ಜೀವ ಬಂದ ಹಾಗಾಯಿತು. "ಸದ್ದು ಜೋರಾಗಿ ಬತ್ತದಾ?" ಎಂದು ಕೇಳಿದರು.

"ಮೂರೂರಿಗೆ ಕೇಳುಸ್ತದೆ ಸಾ. ಮೊದ್ಲು ಒಸಿ ಕೆಮ್ಮುತ್ತದೆ, ಆಮೇಕೆ ಸರಿಯಾಯ್ತದೆ."

"ಎಷ್ಟು ಜನ ಬತ್ತೀರಿ?"

"ನಾನೊಬ್ನೇ. ಹ್ಯಾಂಡ್ಲು ತಿರುಗ್ಸಿ ಬುಟ್ರೆ ಅದ್ರ ಪಾಡಿಗೆ ಅದು ಬಡ್ಕೊಳ್ತದೆ."

ಅಪ್ಪ ಗೋಣಿಚೀಲ ಎತ್ತಿ ನೋಡಿ ಅಲ್ಲೇ ನಿಂತರು. ಡೀಸೆಲ್ ಪಂಪ್ ಸೆಟ್ಟು. ರೈತ ಅತ್ತಿತ್ತ ನೋಡುತ್ತಾ, "ಬಾವಿ ಎಲ್ಲದೆ?" ಎಂದ. ಇದು ಮದುವೆ ದಿಬ್ಬಣಕ್ಕೆ ಎಂದು ಅಪ್ಪ ಸಣ್ಣ ದನಿಯಲ್ಲಿ ಹೇಳಿದರು. ಅವನು ಸ್ವಲ್ಪ ಯೋಚಿಸಿ ಸಮಾಧಾನ ಹೇಳಿದ: "ಇರ್ಲಿ, ಮಡಿಕಳಿ ಸಾ. ಉಂಡೋರ್ಗೆ ಕೈ ತೊಳ್ಯಕಾರ ಆಯ್ತದೆ."

ಕಡೇ ದಿವಸ

ಮುಂದೆ ಸಿಕ್ಕಿದವರು ಅಗರದ ಅಣ್ಣ ತಮ್ಮಂದಿರು. ಅಣ್ಣನದು ಕ್ಲಾರಿಯೋನೆಟ್ಟು, ತಮ್ಮನದು ಡ್ರಮ್ಮು. ಇಬ್ಬರೇ ಆದರೂ ನುಡಿಸಿದರೆ ಆರು ಜನರ ಗದ್ದಲ. ನಮ್ಮ ಮನೆಯ ಮುಂದೆ ನಿಂತು ಒಂದು ಹಾಡು ಮುಗಿಸಿದರು. ಅಪ್ಪ ತಲೆದೂಗಿದರು. ಅಷ್ಟರಲ್ಲಿ ತಮ್ಮ ಡ್ರಮ್ಮಿಗೆ ಎರಡೇಟು ಹಾಕಿ ಬೀದಿಯ ಕಡೆ ತಿರುಗಿ, "ಇವತ್ತೇ ಕಡೇ ದಿವಸ, ನಾಳೆ ಇರೋದಿಲ್ಲ, ಇವತ್ತೇ ಬಂದು ನೋಡಿ" ಎಂದು ಕೂಗಿದ.

ಒಳಗಿದ್ದ ಅಮ್ಮ ಕೈಯಲ್ಲಿದ್ದ ತಟ್ಟೆ ಬಿಟ್ಟಳು. ವಿಚಾರಿಸಿದರೆ, ಅವರು ಏಳೆಂಟು ವರ್ಷದಿಂದ ಟೆಂಟ್ ಸಿನಿಮಾದ ಪ್ರಚಾರದ ಗಾಡಿಯಲ್ಲಿ ನುಡಿಸುತ್ತಿದ್ದವರು.

"ಮದ್ವೆ ಗಂಡಿನ ಮುಂದೆ ಇವತ್ತೇ ಕಡೇ ದಿವಸ ಅಂತ ಕೂಗುದ್ರೆ ಹೆಂಗ್ಲಾ?" ಎಂದು ಅಪ್ಪ ಗದರಿದರು.

"ಬಾಯಿಗೆ ರೂಢಿ ಆಗೋಗದೆ ಸಾ, ತಡಿಯಕಾಗಲ್ಲ" ಎಂದು ತಮ್ಮ ತಲೆ ಕೆರೆದುಕೊಂಡ. ಆಮೇಲೆ ಒಂದು ದಾರಿ ತೋರಿಸಿದ: "ಬೇಕಾದ್ರೆ ಅದ್ನ ಬುಟ್ಟು, ಹೆಂಗಸರಿಗೆ ಪ್ರತ್ಯೇಕ ಸ್ಥಳ ಇದೆ ಅಂತ ಕೂಗ್ತೀನಿ."

ಆನೆಗಳ ಮೆಚ್ಚುಗೆ

ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಕೆಲಸದ ಮೇಲೆ ರಾಮಾಪುರದಿಂದಾಚೆ ಕಾಡಂಚಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ತಮಿಳು ಮಾತಾಡುವವರೇ ಹೆಚ್ಚು. ಒಂದು ಹುಲ್ಲು ಚಪ್ಪರದ ಕಡೆಯಿಂದ ಕಹಳೆಯ ದನಿ ಬಂತು. ಹೋಗಿ ನೋಡಿದರೆ ಐದು ಜನ. ನೆಗ್ಗಿಹೋದ ತುತ್ತೂರಿಗಳು, ಒಂದರ ತೂತಿಗೆ ಜೇನುಮೇಣ ಮೆತ್ತಿತ್ತು. ಆದರೆ ಅಂಥ ಸಂಗೀತವನ್ನು ನಾನು ರೇಡಿಯೋದಲ್ಲೂ ಕೇಳಿರಲಿಲ್ಲ. ಕುಣಿಯಬೇಕು ಅನ್ನಿಸುತ್ತಿತ್ತು. ಬಾಯಿ ತೆರೆದುಕೊಂಡೇ ನಿಂತಿದ್ದೆ.

ಅವರ ಮುಖ್ಯಸ್ಥ ಮಿಲಿಟರಿ ಬ್ಯಾಂಡಿನಲ್ಲಿದ್ದು ಬಂದ ಮುದುಕ. "ಎಲ್ಲೆಲ್ಲಿ ನುಡಿಸಿದ್ದೀರಿ ತಾತ?" ಎಂದು ಕೇಳಿದೆ.

"ಎಲ್ಲೂ ಇಲ್ಲಮ್ಮಾ. ಹೊಲಕ್ಕೆ ಆನೆ ಬರ್ತದಲ್ಲ, ಅದನ್ನ ಓಡ್ಸಕ್ಕೆ ಸುರು ಮಾಡಿದ್ದು."

"ಓಡುತ್ತವಾ?"

ಮುದುಕ ಬೇಜಾರಿನಿಂದ ತಲೆ ಆಡಿಸಿದ. "ಮೊದ್ಲು ಓಡ್ತಾ ಇದ್ವು. ಈಗ ನಮ್ಗೆ ನುಡ್ಸಕ್ಕೆ ಬಂದ್ಬಿಡ್ತು ನೋಡಿ, ನಿಂತ್ಕಂಡು ಕೇಳ್ತವೆ."

ಮೆಟ್ಟು

ಮದುವೆಯ ದಿನ ನಾನು ಅಲ್ಲೇ ಗೊತ್ತುಮಾಡಿದ್ದ ಐವರೂ ಬೆಳಿಗ್ಗೆಯೇ ಬಂದರು. ಹಳೇ ಖಾಕಿ ಕೋಟು, ಒಂದರ ತೋಳು ಗಿಡ್ಡ, ಇನ್ನೊಂದರದು ಉದ್ದ. ನಮ್ಮ ಮನೆ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲೇ ಇದ್ದದ್ದರಿಂದ ಹಸೆಗೆ ಸಿಂಗರಿಸಿಕೊಂಡಿದ್ದ ನನಗೆ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು.

ಬಸ್ಸು ನಿಂತಿತು. ಗಂಡಿನ ತಂದೆ ರೇಷ್ಮೆ ಶಲ್ಯ ಸರಿಮಾಡಿಕೊಂಡು ಇಳಿದು, ಖಾಕಿ ಕೋಟುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಮುದುಕ ಕಾಲು ಜೋಡಿಸಿ ಸಲಾಮು ಹೊಡೆದು, ಬೀದಿಗೆಲ್ಲ ಕೇಳುವಂತೆ ಕೇಳಿದ: "ಯಜಮಾನ್ರೇ, ನಿಮ್ಗೆ ಎಂಥ ಮೆಟ್ಟು ಕೊಡ್ಲಿ? ಹಳೇದಾ, ಹೊಸದಾ?"

ಬೀದಿಯವರೆಲ್ಲ ಬೀಗರ ಕಡೆ ತಿರುಗಿದರು. ಅವನ ತಮಿಳಿನಲ್ಲಿ ಮೆಟ್ಟು ಅಂದರೆ ಹಾಡಿನ ಮಟ್ಟು. ನಮ್ಮ ಕಡೆ ಮೆಟ್ಟು ಅಂದರೆ ಕಾಲಿನ ಚಪ್ಪಲಿ. ಬೀಗರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡ ಮುದುಕ ಇನ್ನೂ ವಿನಯದಿಂದ ವಿವರಿಸಿದ: "ನಮ್ಮತ್ರ ಬೇಕಾದಷ್ಟು ಅದೆ. ನಿಮ್ಗೊಂದು, ಮದ್ವೆ ಮಾಪಿಳ್ಳೆಗೊಂದು. ನೆಂಟ್ರೆಲ್ಲಾ ಸಾಲಾಗಿ ನಿಂತ್ಕಂಡ್ರೆ ಎಲ್ಲಾರ್ಗೂ ಒಂದೊಂದು ಕೊಡ್ತೀವಿ."

ಗಂಡಿನ ತಂದೆಯ ಮುಖ ಕೆಂಡದಂತಾಯಿತು. "ಬಸ್ ತಿರುಗ್ಸಯ್ಯ" ಎಂದು ಡ್ರೈವರಿಗೆ ಹೇಳಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಅಪ್ಪ ಕೈ ಮುಗಿದುಕೊಂಡು ನಿಂತಿದ್ದಾರೆ. ಮದುವಣಗಿತ್ತಿ ಆ ದಿನ ಗಟ್ಟಿಯಾಗಿ ಮಾತಾಡಬಾರದು. ನಾನು ಕಿಟಕಿಯ ಸರಳು ಹಿಡಿದು ಕಿರುಚಿದೆ: "ತಾತಾ, ಮಾತು ಸಾಕು, ಊದಿ."

ಊದಿದರು. ಚಪ್ಪರದಲ್ಲಿ ನಾನು ಕೇಳಿದ್ದೇ ಅದು. ಸಂತೆಗೆ ಹೊರಟವರು ನಿಂತರು, ಹೋಟೆಲಿನವರು ಹೊರಗೆ ಬಂದರು, ಡ್ರೈವರು ಇಂಜಿನ್ ಆರಿಸಿದ. ನಾನು ಮಾತ್ರ ಮೆಟ್ಟಿಲ ಮೇಲಿದ್ದ ಆ ಒಂದು ಕಾಲನ್ನೇ ನೋಡುತ್ತಿದ್ದೆ. ಅದು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ತಾಳ ಹಾಕತೊಡಗಿತು. ಹಾಡು ಮುಗಿಯುವ ಹೊತ್ತಿಗೆ ಅವರು ಪೂರ್ತಿ ಕೆಳಗಿಳಿದಿದ್ದರು.

"ಏನಯ್ಯ ಇದು?" ಎಂದು ಕೇಳಿದರು.

"ಇದೇ ಹಳೇ ಮೆಟ್ಟು ಯಜಮಾನ್ರೇ."

ತಮಿಳು ಬಲ್ಲ ಡ್ರೈವರು ಬಗ್ಗಿ ಅವರ ಕಿವಿಯಲ್ಲಿ ಅರ್ಥ ಹೇಳಿದ. ಅವರು ಗಂಟಲು ಸರಿಮಾಡಿಕೊಂಡು, ಇಡೀ ಬಸ್ ಸ್ಟ್ಯಾಂಡಿನ ಎದುರಿಗೆ, "ಹಂಗಾ. ಹಂಗಾದ್ರೆ ನಂಗೆ ಇನ್ನೊಂದು ಮೆಟ್ಟು ಕೊಡು. ಜೋರಾಗೇ ಕೊಡು" ಎಂದರು.

ಬಸ್ಸಿನೊಳಗೆ ಸೆರಗು ಹೊದ್ದು ಕೂತಿದ್ದ ನನ್ನ ಅತ್ತೆ ಆಗ ಮೊದಲ ಸಲ ಬಾಯಿ ಬಿಟ್ಟರು. ಪಕ್ಕದವಳಿಗೆ ಹೇಳಿದ್ದು, ಆದರೆ ನನ್ನ ಕಿಟಕಿಯವರೆಗೂ ಕೇಳಿಸಿತು: "ಮೂವತ್ತು ವರ್ಷದಿಂದ ನಾನು ಕೊಡ್ಬೇಕು ಅಂತಿದ್ದೆ ಕಣವ್ವ. ಇವತ್ತು ಅವ್ರಾಗೇ ಕೇಳ್ತಾವ್ರೆ."