ದಕ್ಷಿಣ ಧ್ರುವಕ್ಕೆ ಒಂದು ಸಣ್ಣ ಪಾರ್ಸೆಲ್

ಭೂಮಿಯ ದಕ್ಷಿಣ ತುದಿಯಲ್ಲಿ ಯಾರಿಗೂ ನೆಂಟರಿಲ್ಲ. ಇದು ಜಗತ್ತಿನ ಎಲ್ಲಾ ವಿಜ್ಞಾನಿಗಳು ಒಪ್ಪಿಕೊಂಡಿರುವ ಸಂಗತಿ. ಒಪ್ಪಿಕೊಳ್ಳುವ ಮೊದಲು ಅವರು ಲಂಡನ್ನಿನ ಕ್ವೀನ್ಸ್‌ಬರಿಗೆ ಬಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೇ ಇಷ್ಟೆಲ್ಲ ಆಯಿತು.

ರೇನರ್ಸ್ ಲೇನಿನ ವ್ಯಾಲೆಂಟೀನಾ ಪಿಂಟೊ ಅವರಿಗೆ ನಲವತ್ತೊಂಬತ್ತು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ಅವರು ಒಂದು ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿ ಲಗೇಜ್ ಬೆಲ್ಟಿನ ಪಕ್ಕ ನಿಂತೇ ಇದ್ದರು. ಲಕ್ಷಗಟ್ಟಲೆ ಸೂಟ್‌ಕೇಸುಗಳನ್ನು ವಿಮಾನಕ್ಕೆ ಹತ್ತಿಸಿದ ಈ ಹೆಂಗಸು, ವಿಮಾನವೊಂದು ಆಕಾಶದಿಂದ ಇಳಿದು ತನ್ನ ಕಡೆಗೇ ಬರುವುದನ್ನು ಒಂದೇ ಒಂದು ಸಲವೂ ಎದುರು ನಿಂತು ನೋಡಿಲ್ಲ. ಹೀಗಾಗಿ ಸ್ಟ್ಯಾನ್ಮೋರ್‌ನಲ್ಲಿರುವ ಧ್ರುವ ಸಂಶೋಧನಾ ಸಹಾಯ ಮಂಡಳಿಯವರು ‘ವಿಮಾನ ಸಹಾಯಕರು ಬೇಕಾಗಿದ್ದಾರೆ, ಬೇಸಿಗೆ ಋತು ಮಾತ್ರ’ ಎಂದು ಪ್ರಕಟಿಸಿದ ದಿನವೇ ಅವರು ಅರ್ಜಿ ಹಾಕಿದರು. ದಕ್ಷಿಣ ಧ್ರುವದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಬೇಸಿಗೆ. ಬೇಸಿಗೆ ಅಂದರೆ ಮೂಗು ಉದುರುವುದಿಲ್ಲ, ಅಷ್ಟೇ. ಕೆಲಸ ಇಷ್ಟು: ಹಿಮದ ರನ್‌ವೇಗೆ ಬಾವುಟ ನೆಡುವುದು, ಪೀಪಾಯಿಯಿಂದ ವಿಮಾನಕ್ಕೆ ಎಣ್ಣೆ ತುಂಬಿಸುವುದು, ಗಾಳಿ ಎಷ್ಟಿದೆ ಎಂದು ಪೈಲಟ್ಟಿಗೆ ಹೇಳುವುದು, ಮತ್ತು ಎರಡು ಕಿತ್ತಳೆ ಕೋಲು ಹಿಡಿದು ಎದುರು ನಿಂತು ‘ಬಾ ಬಾ’ ಎಂದು ಕರೆದು ನಿಲ್ಲಿಸುವುದು.

ಸಂದರ್ಶನದಲ್ಲಿ ಒಂದೇ ಪ್ರಶ್ನೆ ಕೇಳಿದರು. ಚಳಿ ತಡೆಯುತ್ತೀರಾ?

“ನಮ್ಮ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಎರಡು ವರ್ಷ ಆಯ್ತು” ಎಂದರು ವ್ಯಾಲೆಂಟೀನಾ. ಆಯ್ಕೆಯಾಯಿತು.

ಅವರ ಗಂಡ ಪೈಯಸ್ ಹ್ಯಾರೋದಲ್ಲಿ ಬಸ್ಸು ಓಡಿಸುತ್ತಾರೆ. ಚಳಿ ಎಂಬ ಪದ ಕೇಳಿದರೆ ಸೀನುವ ಮನುಷ್ಯ. ಜೂನಿನಲ್ಲೂ ಸ್ವೆಟರ್.

“ಎಂತ ಮಾರಾಯ್ತಿ, ವಿಮಾನ ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ನಮ್ಮ ಮಾಡಿನ ಮೇಲೆಯೇ ದಿನಾ ನಲವತ್ತು ಹೋಗ್ತದಲ್ಲ?”

“ಅದು ವಿಮಾನದ ಹೊಟ್ಟೆ, ಪೈಯಸ್. ನನಗೆ ಮುಖ ನೋಡ್ಬೇಕು.”

ಮಾತಿನಲ್ಲಿ ಸೋತಾಗ ಪೈಯಸ್ ಏನಾದರೂ ತಿನ್ನುತ್ತಾರೆ. ತಿಂದರು.

ಸುದ್ದಿ ಭಾನುವಾರ ಕ್ವೀನ್ಸ್‌ಬರಿಯ ಕನ್ನಡ ಸಂಘಕ್ಕೆ ಮುಟ್ಟಿತು. ಸಂಘದ ಕಾರ್ಯದರ್ಶಿ ಕಾಮಾಕ್ಷಿ ಬೆಂಗಳೂರಿನವರು, ಚುರುಕು. ವ್ಯಾಲೆಂಟೀನಾರ ಕೈ ಹಿಡಿದು ಅಭಿನಂದಿಸಿದರು. ಹಿಡಿದ ಕೈ ಬಿಡಲಿಲ್ಲ.

“ಹೇಗೂ ಹೋಗ್ತಾ ಇದ್ದೀರಲ್ಲ ವ್ಯಾಲೆಂಟೀನಾ, ಒಂದು ಸಣ್ಣ ಪಾರ್ಸೆಲ್.”

“ಯಾರಿಗೆ?”

“ಯಾರಿಗೋ ಒಬ್ಬರಿಗೆ ಕಣ್ರೀ. ಅಷ್ಟು ದೊಡ್ಡ ಖಂಡದಲ್ಲಿ ನಮ್ಮವರು ಒಬ್ಬರೂ ಇರಲ್ವಾ? ಬರೀ ಕೋಡುಬಳೆ.”

ಇಲ್ಲಿ ಒಂದು ಪದ್ಧತಿ ಹೇಳಬೇಕು. ನಮ್ಮವರಲ್ಲಿ ಯಾರೇ ವಿಮಾನ ಹತ್ತಲಿ, ಅವರು ಬೇರೆಯವರ ಸಾಮಾನು ಒಯ್ಯತಕ್ಕದ್ದು. ಇಲ್ಲ ಎನ್ನುವಂತಿಲ್ಲ. ಅದರಲ್ಲೂ ಇದೇ ಕಾಮಾಕ್ಷಿ ಮೂರು ವರ್ಷದ ಹಿಂದೆ ವ್ಯಾಲೆಂಟೀನಾರಿಗೋಸ್ಕರ ಬೆಂಗಳೂರಿನಿಂದ ಹನ್ನೊಂದು ಕಿಲೋದ ಗ್ರೈಂಡರನ್ನು ಮಡಿಲಲ್ಲಿಟ್ಟುಕೊಂಡು, ಮಗು ಎಂದು ಹೇಳಿ ತಂದಿದ್ದರು. ಈಗ ಇಲ್ಲ ಅಂದರೆ ಸಂಘದಲ್ಲಿ ಮುಖ ತೋರಿಸುವುದು ಹೇಗೆ?

ಒಂದು ಕೋಡುಬಳೆ ಒಪ್ಪಿದ ಮೇಲೆ ಮಿಕ್ಕವರೇನು ಪಾಪ ಮಾಡಿದ್ದರು? ಗುರುವಾರದ ಹೊತ್ತಿಗೆ ಪಿಂಟೊ ಅವರ ಮನೆಯ ಮುಂದಿನ ಕೋಣೆಯಲ್ಲಿ ನಲವತ್ತೊಂದು ಪಾರ್ಸೆಲ್. ಚಕ್ಕುಲಿ, ಚಟ್ನಿಪುಡಿ, ಮಾವಿನ ಮಿಡಿ, ಒಂದು ಸೀರೆ (‘ಫಾಲ್ಸ್ ಹಚ್ಚಿದೆ’ ಎಂಬ ಚೀಟಿ ಸಮೇತ). ಧಾರವಾಡ ಕಡೆಯ ಚಂದ್ರವ್ವ ಎಪ್ಪತ್ತೆರಡರ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಬಂದು ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ಇಟ್ಟರು.

“ಯಾರಿಗೆ ಕೊಡ್ಬೇಕು ಚಂದ್ರವ್ವ?”

“ಹಸದಾವ್ರಿಗೆ ಕೊಡವಾ. ಹಸದಾವ್ರಿಗೆ ಅಡ್ರೆಸ್ ಯಾಕ ಬೇಕು?”

ಇಷ್ಟರವರೆಗೆ ಎಲ್ಲವೂ ಕ್ರಮಬದ್ಧವಾಗಿಯೇ ಇತ್ತು. ತಪ್ಪು ಆದದ್ದು ಶುಕ್ರವಾರ. ಮಂಡಳಿಯ ಪ್ರಯಾಣ ಫಾರಂನಲ್ಲಿ ‘ಬೇರೆಯವರು ಕೊಟ್ಟ ವಸ್ತು ನಿಮ್ಮ ಬಳಿ ಇದೆಯೇ?’ ಎಂಬ ಪ್ರಶ್ನೆ ಇತ್ತು. ಈ ಪ್ರಶ್ನೆಗೆ ನಮ್ಮವರು ಹುಟ್ಟಿದಾಗಿನಿಂದ ‘ಇಲ್ಲ’ ಎಂದೇ ಹೇಳಿಕೊಂಡು ಬಂದಿದ್ದಾರೆ. ಹತ್ತು ಕಿಲೋ ಉಪ್ಪಿನಕಾಯಿ ಸೋರುತ್ತಿದ್ದರೂ ‘ಇಲ್ಲ’. ಆದರೆ ಹತ್ತೊಂಬತ್ತು ವರ್ಷ ಲಗೇಜ್ ವಿಭಾಗದ ಉಪ್ಪು ತಿಂದ ವ್ಯಾಲೆಂಟೀನಾ ‘ಹೌದು’ ಎಂದು ಬರೆದುಬಿಟ್ಟರು.

ಮಂಡಳಿಯ ಸರಕು ಅಧಿಕಾರಿ ಉದಯಶಂಕರ್ ಆ ಪದವನ್ನು ಬಹಳ ಹೊತ್ತು ನೋಡಿದರು. ಇವರು ಹದಿನೈದು ವರ್ಷದ ಹಿಂದೆ ಬೆಂಗಳೂರಿನಿಂದ ಸಾಫ್ಟ್‌ವೇರ್ ಬರೆಯಲು ಬಂದವರು. ಈಗ ತಾವೇ ಬರೆದ ಸಾಫ್ಟ್‌ವೇರ್ ಹೇಳಿದಂತೆ ಕೇಳಿಕೊಂಡಿದ್ದಾರೆ.

“ಮೇಡಂ, ‘ಹೌದು’ ಅಂತ ಇಲ್ಲಿವರೆಗೂ ಯಾರೂ ಬರೆದಿಲ್ಲ. ಇದಕ್ಕೆ ನಮ್ಮಲ್ಲಿ ಪ್ರೊಸೀಜರೇ ಇಲ್ಲ.”

“ಹಾಗಾದ್ರೆ ಬೇಡ ಬಿಡಿ. ಎಲ್ಲಾ ವಾಪಸ್ ಕೊಡ್ತೇನೆ.”

“ಆಗಲ್ಲ. ಸಿಸ್ಟಮ್ ಹತ್ತಿಬಿಟ್ಟಿದೆ. ಸಿಸ್ಟಮ್ ಹತ್ತಿದ್ದು ವಿಮಾನ ಹತ್ತಲೇಬೇಕು. ಇಳಿಸೋಕೆ ಬಟನ್ ಇಟ್ಟಿಲ್ಲ.”

ಸೋಮವಾರ ಪ್ರಕಟಣೆ ಹೊರಬಿತ್ತು.

‘ಅನ್ಯರು ಕೊಟ್ಟ ಪಾರ್ಸೆಲ್‌ಗಳ ಕುರಿತು ನಿಯಮಾವಳಿ. ಒಂದು: ಪ್ರತಿ ಪಾರ್ಸೆಲ್‌ಗೆ ಸ್ವೀಕರಿಸುವವರೊಬ್ಬರು ಇರತಕ್ಕದ್ದು. ಎರಡು: ಸದರಿಯವರು ಧ್ರುವ ನಿಲ್ದಾಣದಲ್ಲಿ ಖುದ್ದು ಹಾಜರಿದ್ದು ಸಹಿ ಮಾಡತಕ್ಕದ್ದು. ಮೂರು: ಅಂಥವರು ಅಲ್ಲಿ ಇಲ್ಲದಿದ್ದಲ್ಲಿ ಅವರನ್ನು ಪಾರ್ಸೆಲ್‌ಗಳ ಜೊತೆಯಲ್ಲೇ ಕಳುಹಿಸತಕ್ಕದ್ದು. ನಾಲ್ಕು: ಪೆಂಗ್ವಿನ್‌ಗಳಿಗೆ ಸಹಿ ಬಾರದ ಕಾರಣ ಅವುಗಳನ್ನು ಪರಿಗಣಿಸಲಾಗುವುದಿಲ್ಲ.’

ನಾಲ್ಕನೆಯದನ್ನು ಸೇರಿಸಲು ಒಂದು ಇಡೀ ಮಧ್ಯಾಹ್ನ ಚರ್ಚೆಯಾಯಿತು.

‘ಸ್ವೀಕಾರಾಧಿಕಾರಿ’ ಎಂಬ ಹೊಸ ಹುದ್ದೆಗೆ ಕಾಮಾಕ್ಷಿ ಒಬ್ಬರೇ ಅರ್ಜಿ ಹಾಕಿದರು. ಅನುಭವ ಕೇಳಿದಾಗ ಅವರು ಹೇಳಿದ್ದು: “ಹದಿನಾಲ್ಕು ವರ್ಷದಿಂದ ನಮ್ಮ ಬೀದಿಯವರ ಪಾರ್ಸೆಲ್ ಎಲ್ಲಾ ನಾನೇ ತಗೊಳ್ಳೋದು ಸಾರ್. ಅವರು ಮನೇಲಿದ್ರೂ ನನಗೇ ಕೊಟ್ಟು ಹೋಗ್ತಾರೆ.” ಮಂಡಳಿ ಎದ್ದು ನಿಂತು ಕೈಕುಲುಕಿತು.

ಇನ್ನು ತೂಕದ ವಿಷಯ. ದಕ್ಷಿಣ ಅಮೆರಿಕದ ತುದಿಯವರೆಗೆ ದೊಡ್ಡ ವಿಮಾನ. ಅಲ್ಲಿಂದಾಚೆ ಮಂಡಳಿಯ ಪುಟ್ಟ ವಿಮಾನ. ಚಕ್ರದ ಬದಲು ಹಿಮದ ಮೇಲೆ ಜಾರುವ ಹಲಗೆ, ಒಂಬೈನೂರು ಕಿಲೋದ ಮೇಲೆ ಒಂದು ಹಪ್ಪಳವನ್ನೂ ಹೊರುವುದಿಲ್ಲ. ಉದಯಶಂಕರ್ ಎಲ್ಲರನ್ನೂ ಎಲ್ಲವನ್ನೂ ತೂಗಿದರು. ಹೆಚ್ಚಾಯಿತು.

ಮೊದಲು ವಿಜ್ಞಾನಿ ಸುಧೀರ್ ಅವರನ್ನು ಇಳಿಸಲಾಯಿತು. ಅವರು ಎರಡು ಮೈಲಿ ದಪ್ಪದ ಮಂಜುಗಡ್ಡೆಯ ಬಗ್ಗೆ ಹನ್ನೊಂದು ವರ್ಷ ಓದಿದವರು. ಆದರೆ ಅವರ ಯಂತ್ರಗಳನ್ನು ಯಾರೂ ಅವರಿಗೆ ‘ಕೊಟ್ಟಿರಲಿಲ್ಲ’, ಸ್ವಂತದ್ದಾಗಿದ್ದವು. ಆದ್ದರಿಂದ ನಿಯಮಾವಳಿಯ ರಕ್ಷಣೆ ಅವಕ್ಕೆ ಸಿಗಲಿಲ್ಲ. ನಂತರ ಪೈಲಟ್ಟನ್ನು ಇಳಿಸುವ ಬಗ್ಗೆ ಮತ ಹಾಕಿ, ಮೂರಕ್ಕೆ ಎರಡರಿಂದ ಉಳಿಸಿಕೊಳ್ಳಲಾಯಿತು. ಆದರೂ ಹನ್ನೆರಡು ಕಿಲೋ ಹೆಚ್ಚು.

“ಹನ್ನೆರಡು ಕಿಲೋ ಇಳಿಸಬೇಕು. ಮನುಷ್ಯರನ್ನ ಚೂರು ಚೂರಾಗಿ ಇಳಿಸೋಕೆ ಬರಲ್ಲ” ಎಂದರು ಉದಯಶಂಕರ್, ವಿಷಾದದಿಂದ. “ಅದಕ್ಕೆ ನಿಮ್ಮನ್ನ ಪೂರ್ತಿ ಇಳಿಸ್ತಾ ಇದ್ದೀವಿ ಮೇಡಂ.”

“ನನ್ನನ್ನು? ಮತ್ತೆ ಅಲ್ಲಿ ವಿಮಾನ ನಿಲ್ಲಿಸುದು ಯಾರು?”

“ಅದು ಬೇರೆ ವಿಭಾಗ.”

ವ್ಯಾಲೆಂಟೀನಾ ಅಳುವ ಪೈಕಿ ಅಲ್ಲ. ನೆಲಮಾಳಿಗೆಯಲ್ಲಿ ಅತ್ತರೆ ಬೆಲ್ಟ್ ನಿಲ್ಲುವುದಿಲ್ಲವಲ್ಲ. ಅವರು ಒಂದು ವಾರದ ಗಡುವು ಬೇಡಿದರು. ಶುಕ್ರವಾರ ಮತ್ತೆ ತೂಗಿ, ಹನ್ನೆರಡು ಕಿಲೋ ಇಲ್ಲವಾಗಿರುತ್ತದೆ ಎಂದರು.

ಮನೆಗೆ ಬಂದು ಮೊದಲನೆಯ ಪಾರ್ಸೆಲ್ ಬಿಚ್ಚಿ ತಿನ್ನತೊಡಗಿದರು. ಎರಡು ಕಿಲೋ ಚಕ್ಕುಲಿಯಲ್ಲಿ ಅರ್ಧ ಮುಗಿಸಿ ತಕ್ಕಡಿ ಹತ್ತಿದರೆ, ಪಾರ್ಸೆಲ್‌ನಲ್ಲಿ ಕಡಿಮೆಯಾದದ್ದು ಅಷ್ಟೂ ಇವರಲ್ಲಿ ಏರಿತ್ತು. ಉದಯಶಂಕರ್‌ಗೆ ಫೋನ್ ಮಾಡಿದರು.

“ತೂಕ ಎಲ್ಲೂ ಹೋಗಿಲ್ಲ ಮೇಡಂ. ಸೀಟ್ ಬದಲಾಯಿಸಿದೆ, ಅಷ್ಟೇ.”

ಹಾಗಾದರೆ ವಿಮಾನ ಹತ್ತದವರು ತಿನ್ನಬೇಕು. ವ್ಯಾಲೆಂಟೀನಾ ಗಂಡನ ಮುಖ ನೋಡಿದರು. ಪೈಯಸ್ ಜೀವನದಲ್ಲಿ ಮೊದಲ ಸಲ ತಮ್ಮಿಂದ ಏನೋ ದೊಡ್ಡ ಕೆಲಸ ಆಗಬೇಕಾಗಿದೆ ಎಂದು ಅರಿತು, ಬೆಲ್ಟ್ ಸಡಿಲಿಸಿದರು. ಬಸ್ಸಿನ ಡ್ಯೂಟಿಗೆ ರಜೆ ಹಾಕಿದರು. ಕಾರಣದ ಜಾಗದಲ್ಲಿ ‘ಕೌಟುಂಬಿಕ’ ಎಂದು ಬರೆದರು. ಐದು ದಿನ, ಒಂಬತ್ತು ಪಾರ್ಸೆಲ್. ಮಾವಿನ ಮಿಡಿಯನ್ನು ಅನ್ನವಿಲ್ಲದೆ ತಿಂದರು. ಚಂದ್ರವ್ವನ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿಂದರು. “ವ್ಯಾಲಿ, ನಿನಗೋಸ್ಕರ” ಎನ್ನುತ್ತಾ ಕೊನೆಯ ಕೋಡುಬಳೆ ಮುರಿದಾಗ ಕಣ್ಣಲ್ಲಿ ನೀರಿತ್ತು. ಪ್ರೀತಿಯೋ ಖಾರವೋ, ಕೇಳಬೇಡಿ.

ಶುಕ್ರವಾರ ತಕ್ಕಡಿಯ ಮುಳ್ಳು ಒಂಬೈನೂರರ ಮೇಲೆ ಸರಿಯಾಗಿ ನಿಂತಿತು. ವ್ಯಾಲೆಂಟೀನಾ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಉದಯಶಂಕರ್ ಕೂಡ ನಕ್ಕರು. ನಗುತ್ತಾ ಪಾರ್ಸೆಲ್ ಎಣಿಸಿದರು.

“ಮೂವತ್ತೆರಡು. ಸಿಸ್ಟಮ್‌ನಲ್ಲಿ ನಲವತ್ತೊಂದು ಇದೆ. ಒಂಬತ್ತು ಎಲ್ಲಿ?”

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಪೈಯಸ್ ತೇಗಿದರು.

ಉದಯಶಂಕರ್ ಬಂದು ಪೈಯಸ್ ಅವರನ್ನು ತಕ್ಕಡಿಗೆ ಹತ್ತಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಲ್ಲೇ ನಿಂತು ಆದೇಶ ಟೈಪ್ ಮಾಡಿದರು. ‘ಒಂಬತ್ತು ಪಾರ್ಸೆಲ್‌ಗಳು ಪ್ರಸ್ತುತ ಶ್ರೀ ಪೈಯಸ್ ಪಿಂಟೊ ಅವರ ಒಳಗೆ ಇರುವುದಾಗಿ ಕಂಡುಬಂದಿರುವುದರಿಂದ, ಸದರಿ ಪೈಯಸ್ ಅವರನ್ನೇ ಪಾರ್ಸೆಲ್ ಎಂದು ಪರಿಗಣಿಸಿ ರವಾನಿಸತಕ್ಕದ್ದು.’

“ನಾನು ಹೋಗುದಿಲ್ಲ ಮಾರಾಯ್ರೆ! ನನಗೆ ಚಳಿ ಆಗುದಿಲ್ಲ!”

“ಪಾರ್ಸೆಲ್‌ಗಳ ಅಭಿಪ್ರಾಯ ಕೇಳೋ ಪದ್ಧತಿ ಇಲ್ಲ ಸಾರ್.”

ಪೈಯಸ್ ಎಂಬತ್ತನಾಲ್ಕು ಕಿಲೋ. ಅವರು ಹತ್ತಿದ್ದಕ್ಕೆ ಎಪ್ಪತ್ತೊಂದು ಕಿಲೋದ ವ್ಯಾಲೆಂಟೀನಾ ಇಳಿದರು. ಉಳಿದ ಹದಿಮೂರು ಕಿಲೋವನ್ನು ಉದಯಶಂಕರ್ ರೌಂಡ್ ಆಫ್ ಮಾಡಿದರು.

“ಹದಿಮೂರು ರೌಂಡ್ ಆಫ್ ಆಗ್ತದಾ?” ವ್ಯಾಲೆಂಟೀನಾ ಕೇಳಿದರು. “ಹಾಗಾದ್ರೆ ಆವತ್ತು ಹನ್ನೆರಡನ್ನು ಯಾಕೆ ಮಾಡ್ಲಿಲ್ಲ?”

“ಹನ್ನೆರಡು ಆಗಲೇ ರೌಂಡ್ ಆಗಿತ್ತಲ್ಲ ಮೇಡಂ. ಡಜನ್.”

ನವೆಂಬರ್ ಮೊದಲ ವಾರ ವಿಮಾನ ಹೊರಟಿತು. ಪೈಯಸ್ ಅವರ ಸ್ವೆಟರಿನ ಮೇಲೆ ‘ಈ ಬದಿ ಮೇಲಿರಲಿ’ ಎಂಬ ಚೀಟಿ ಅಂಟಿಸಿದ್ದರು. ಸಂಘದವರು ಬಂದು ಹಾರ ಹಾಕಿದರು. ಹಾರದ ತೂಕ ಮುನ್ನೂರು ಗ್ರಾಂ ಎಂದು ತೆಗೆಸಿದರು.

ಆದರೆ ಆಯ್ಕೆಯಾದ ಸಿಬ್ಬಂದಿ ಋತು ಮುಗಿಯುವವರೆಗೆ ಕೆಲಸ ಮಾಡದೆ ಇರುವಂತಿಲ್ಲ. ಇದು ಹಳೆಯ ನಿಯಮ. ಹೀಗಾಗಿ ವ್ಯಾಲೆಂಟೀನಾರಿಗೆ ಹಿಮದ ಬೂಟು, ಕೆಂಪು ಕೋಟು, ಎರಡು ಕಿತ್ತಳೆ ಕೋಲು ಕೊಟ್ಟು, ಮಂಡಳಿಯ ಕಚೇರಿಯ ಹಿಂದಿನ ಕಾರ್ ಪಾರ್ಕಿಗೆ ನಿಯೋಜಿಸಲಾಯಿತು. ಬೆಳಗ್ಗೆ ಒಂಬತ್ತರಿಂದ ಐದು. ಅವರು ಬಾವುಟ ನೆಟ್ಟರು. ಗಂಟೆಗೊಮ್ಮೆ ಗಾಳಿ ಅಳೆದರು. ವಿಜ್ಞಾನಿ ಸುಧೀರ್ ಅವರೂ ಅಲ್ಲೇ ಇದ್ದರು. ಮುಂಜಾನೆ ಕಾರುಗಳ ಗಾಜಿನ ಮೇಲೆ ಕಟ್ಟಿದ ಮಂಜಿನ ದಪ್ಪ ಅಳೆದು ವರದಿ ಬರೆಯುತ್ತಿದ್ದರು. “ಇಲ್ಲಿನ ಮಂಜು ಹತ್ತು ಗಂಟೆಗೇ ಕರಗಿಬಿಡುತ್ತೆ, ಚಿಂತಾಜನಕ” ಎಂದು ತಲೆ ಅಲ್ಲಾಡಿಸುತ್ತಿದ್ದರು.

ಮೊದಲ ವಾರ ಸ್ಟ್ಯಾನ್ಮೋರ್‌ನ ದೊಡ್ಡ ದೊಡ್ಡ ಕಾರುಗಳು ಹಾರ್ನ್ ಹೊಡೆದವು. ಎರಡನೇ ವಾರ ಕೋಲು ನೋಡಿ ನಿಲ್ಲತೊಡಗಿದವು. ಡಿಸೆಂಬರಿನ ಹೊತ್ತಿಗೆ ವ್ಯಾಲೆಂಟೀನಾ ಸನ್ನೆ ಮಾಡುವವರೆಗೆ ಯಾರೂ ಒಳಗೆ ಬರುತ್ತಿರಲಿಲ್ಲ. ಅವರು ಊಟಕ್ಕೆ ಹೋದರೆ ರಸ್ತೆಯಲ್ಲಿ ಸಾಲು ನಿಲ್ಲುತ್ತಿತ್ತು. ಒಬ್ಬ ಡೆಂಟಿಸ್ಟಂತೂ ಅವರ ಅನುಮತಿ ಸಿಗದೆ ನಲವತ್ತು ನಿಮಿಷ ಸುತ್ತುಹೊಡೆದು, ಕೊನೆಗೆ ಪಕ್ಕದ ಎಡ್ಜ್‌ವೇರಿಗೆ ಹೋಗಿ ನಿಲ್ಲಿಸಿದರು. ದೂರು ಕೊಡಲಿಲ್ಲ. ಹವಾಮಾನ ಸರಿಯಿರಲಿಲ್ಲ ಎಂದು ರೋಗಿಗಳಿಗೆ ತಿಳಿಸಿದರು.

ಪೈಯಸ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಪಾರ್ಸೆಲ್‌ಗಳನ್ನು ಹೊರಗಡೆ ಇಡುವುದು ಅಲ್ಲಿನ ಕ್ರಮ. ಇವರನ್ನು ರನ್‌ವೇಯ ತುದಿಯಲ್ಲಿ ನಿಲ್ಲಿಸಿದ್ದರು. ಬಿಳಿ ಬಯಲಿನಲ್ಲಿ ಕಾಣುವ ವಸ್ತು ಅದೊಂದೇ ಆದ್ದರಿಂದ ಪೈಲಟ್ ಇವರನ್ನೇ ಗುರಿಯಿಟ್ಟು ಇಳಿಸುತ್ತಿದ್ದ.

“ಸೀದಾ ನಿನ್ನ ಕಡೆಗೇ ಬರ್ತದಾ?” ವ್ಯಾಲೆಂಟೀನಾ ಕೋಲು ಕಂಕುಳಲ್ಲಿಟ್ಟುಕೊಂಡು ಕೇಳಿದರು. “ಮುಖ ಹೇಗುಂಟು ಪೈಯಸ್?”

“ಎಂತ ಹೇಳುದು ವ್ಯಾಲಿ. ಹೆದರಿಕೆಗೆ ಕಣ್ಣು ಮುಚ್ಚಿಕೊಳ್ತೇನೆ.”

“ಒಂದೇ ಸಲ ತೆರೆದು ನೋಡು. ನೋಡಿ ನನಗೆ ಹೇಳು.”

ಆ ಕಡೆ ಗಾಳಿಯ ಸದ್ದು. ಆಮೇಲೆ, “ಕಾಮಾಕ್ಷಿಯವರನ್ನು ಕೇಳ್ಬೇಕು. ನಾನು ಈಗ ಅವರ ಸಹಿ ಆದ ಮಾಲು.”

ಕಾಮಾಕ್ಷಿ ಅನುಮತಿ ಕೊಡಲಿಲ್ಲ. ಪಾರ್ಸೆಲ್ ತೆರೆಯುವ ಅಧಿಕಾರ ತಮಗಿಲ್ಲ, ಸ್ವೀಕರಿಸುವುದು ಮಾತ್ರ ಎಂದರು.

ಫೆಬ್ರವರಿಯ ಕೊನೆಗೆ ಮಂಡಳಿಯ ವಾರ್ಷಿಕ ವರದಿ ಬಂತು. ಧ್ರುವ ನಿಲ್ದಾಣದಲ್ಲಿ ಇಳಿದದ್ದು ನಾಲ್ಕು. ಸ್ಟ್ಯಾನ್ಮೋರ್ ಕಾರ್ ಪಾರ್ಕಿನಲ್ಲಿ ಇಳಿದದ್ದು ಐದು ಸಾವಿರದ ನೂರಾ ಹದಿನಾರು, ಅಪಘಾತ ಸೊನ್ನೆ. ಆದಕಾರಣ ಇನ್ನು ಮುಂದೆ ಸ್ಟ್ಯಾನ್ಮೋರನ್ನು ಮುಖ್ಯ ನಿಲ್ದಾಣವೆಂದೂ ಅಂಟಾರ್ಕ್ಟಿಕಾವನ್ನು ಶಾಖೆಯೆಂದೂ ಕರೆಯತಕ್ಕದ್ದು. ಉದಯಶಂಕರ್‌ಗೆ ಬಡ್ತಿ. ಕಾಮಾಕ್ಷಿಗೆ ಇನ್ನೆರಡು ವರ್ಷ ವಿಸ್ತರಣೆ. ಸಹಿಯಾಗಿ ಸ್ವೀಕೃತವಾದ ಪಾರ್ಸೆಲ್ ಹಿಂದಿರುಗುವ ಪದ್ಧತಿ ಇಲ್ಲದ್ದರಿಂದ ಪೈಯಸ್, ಆ ಕಡೆಯಿಂದ ಲಂಡನ್ನಿಗೆ ಹೊರಟ ಯಾರಾದರೂ ‘ಒಂದು ಸಣ್ಣದು’ ಒಯ್ಯಲು ಒಪ್ಪುವವರೆಗೆ ಕಾಯತಕ್ಕದ್ದು. ಬಸ್ ಕಂಪನಿಯವರು ಅವರ ರಜೆ ಮುಂದುವರಿಸಿದರು. ಕಾರಣ ಅದೇ, ಕೌಟುಂಬಿಕ.

ಬಡ್ತಿಯ ದಿನ ಉದಯಶಂಕರ್ ಸ್ವತಃ ಕಾರ್ ಪಾರ್ಕಿಗೆ ಇಳಿದು ಬಂದರು. ಮನಸ್ಸಿನಲ್ಲಿ ಎಲ್ಲೋ ಚುಚ್ಚಿತ್ತೋ ಏನೋ.

“ಮೇಡಂ, ಮುಂದಿನ ಋತುವಿಗೆ ಒಂದು ಸೀಟ್ ಖಾಲಿ ಇದೆ. ಈ ಸಲ ಪಾರ್ಸೆಲ್ ಗೀರ್ಸೆಲ್ ಏನೂ ಇಲ್ಲ. ನೀವೇ ಹೋಗಿ. ನಿಜವಾದ ವಿಮಾನ, ಎದುರಿಗೇ ನಿಂತು—”

“ಶ್!” ವ್ಯಾಲೆಂಟೀನಾ ಎರಡೂ ಕೋಲು ಎತ್ತಿ, ಕಾಲು ಅಗಲಿಸಿ, ಗೇಟಿನ ಕಡೆ ನೆಟ್ಟ ಕಣ್ಣು ಕೀಳದೆ ನಿಂತಿದ್ದರು. “ಈಗ ಮಾತಾಡಿಸ್ಬೇಡಿ. ಇಳೀತಾ ಉಂಟು.”

ಉದಯಶಂಕರ್ ತಕ್ಷಣ ಬಾಯಿ ಮುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕಿವಿಗಳನ್ನು ಅಂಗೈಯಿಂದ ಭದ್ರವಾಗಿ ಒತ್ತಿಕೊಂಡರು. ಬಂದದ್ದು ಬ್ಯಾಟರಿ ಕಾರು. ಸದ್ದೇ ಇರಲಿಲ್ಲ.